ಒಂದು ತಂಡ, ಎರಡು ವಿಮಾನ: ಮ್ಯಾನೇಜರ್ ಇರಬೇಕಾ, ಹೋಗಬೇಕಾ?

2017ರ ಮಾರ್ಚ್ 18. ಇಂಗ್ಲೆಂಡಿನ ವೆಸ್ಟ್ ಬ್ರಾಮ್‌ವಿಚ್ ಎಂಬ ಊರಿನಲ್ಲಿ ಫುಟ್‌ಬಾಲ್ ಪಂದ್ಯ. ಲಂಡನ್ನಿನ ಆರ್ಸೆನಲ್ ತಂಡ ಅಲ್ಲಿಗೆ ಆಡಲು ಹೋಗಿತ್ತು. ಮೈದಾನದ ಮೇಲೆ ಒಂದು ಸಣ್ಣ ವಿಮಾನ ಹಾರಿ ಬಂತು. ಅದರ ಬಾಲಕ್ಕೆ ಕಟ್ಟಿದ ಉದ್ದನೆಯ ಬ್ಯಾನರಿನಲ್ಲಿ, ಮ್ಯಾನೇಜರ್ ಆರ್ಸೆನ್ ವೆಂಗರ್ ಅವರಿಗೆ ಹೊಸ ಕರಾರು ಬೇಡ, ಅವರು ಹೋಗಲಿ ಎಂಬ ಮಾತು. ಇನ್ನೊಂದು ವಿಮಾನವೂ ಬಂತು. ಅದರ ಬ್ಯಾನರಿನಲ್ಲಿ, ವೆಂಗರ್ ಮೇಲೆ ನಮಗೆ ನಂಬಿಕೆ ಉಂಟು, ಗೌರವ ಕೊಡಿ ಎಂಬ ಮಾತು. ಎರಡೂ ಬ್ಯಾನರಿನ ಹಿಂದೆ ಇದ್ದವರು ಒಂದೇ ತಂಡದ ಅಭಿಮಾನಿಗಳು. ಕೆಳಗೆ ಆ ತಂಡ 3-1 ಗೋಲುಗಳಿಂದ ಸೋತಿತು.

ಕೇಳಿದರೆ ನಗು ಬರುತ್ತದೆ. ಆಟ ನೋಡಲು ಹೋದವರು ಆಕಾಶದಲ್ಲಿ ಜಗಳ ಮಾಡುವುದಾ ಮಾರಾಯ್ರೆ ಅಂತ ಅನಿಸುತ್ತದೆ. ಆದರೆ ಒಳಗೆ ಹೊಕ್ಕು ನೋಡಿದರೆ ಅದರಲ್ಲಿ ಒಂದು ದೊಡ್ಡ ಪ್ರಶ್ನೆ ಉಂಟು. ಇಪ್ಪತ್ತು ವರ್ಷ ದುಡಿದು ಒಂದು ಸಂಸ್ಥೆಯನ್ನು ಕಟ್ಟಿದ ಹಿರಿಯರನ್ನು ಯಾವಾಗ, ಹೇಗೆ ಬೀಳ್ಕೊಡಬೇಕು? ಅದನ್ನು ಹೇಳಬೇಕಾದವರು ಯಾರು? ಈ ವಾರ ನಾವು ಈ ಕಥೆಯನ್ನು ಆರಿಸಿಕೊಂಡದ್ದು ಅದಕ್ಕೇ.

ಈ ತಂಡ ನಮ್ಮ ಮನೆಗಳಿಗೆ ತೀರಾ ಅಪರಿಚಿತವೂ ಅಲ್ಲ. ದುಬೈಯಿಂದ ರಜೆಯಲ್ಲಿ ಬಂದ ಕಾಕ ತಮ್ಮನಿಗೆ ತಂದುಕೊಡುವ ಬಿಳಿ ತೋಳಿನ ಕೆಂಪು ಜೆರ್ಸಿ ನೆನಪಿಸಿಕೊಳ್ಳಿ. ಅದರ ಎದೆಯ ಮೇಲೆ ಇರುವುದು ಗಲ್ಫಿಗೆ ಹೋಗಿ ಬರುವ ನಮಗೆಲ್ಲ ಗೊತ್ತಿರುವ ಎಮಿರೇಟ್ಸ್ ವಿಮಾನ ಕಂಪೆನಿಯ ಹೆಸರು. ಆ ಕ್ಲಬ್ಬಿನ ಕ್ರೀಡಾಂಗಣಕ್ಕೂ ಅದೇ ಹೆಸರು. ರಾತ್ರಿ ಊಟಕ್ಕೆ ಕರೆದರೂ ಏಳದೆ ಮೊಬೈಲಿನಲ್ಲಿ ಮ್ಯಾಚ್ ನೋಡುವ ಹುಡುಗರ ಮನೆಗಳಲ್ಲಿ ಈ ಹೆಸರು ಕಿವಿಗೆ ಬಿದ್ದೇ ಇರುತ್ತದೆ.

ನಮ್ಮಲ್ಲಿ ಮ್ಯಾನೇಜರ್ ಅಂದರೆ ಬ್ಯಾಂಕಿನವರೋ ಹೋಟೆಲಿನವರೋ ನೆನಪಾಗುತ್ತಾರೆ. ಇಂಗ್ಲೆಂಡಿನ ಫುಟ್‌ಬಾಲಿನಲ್ಲಿ ಹಳೆಯ ರೂಢಿಯಂತೆ ಮ್ಯಾನೇಜರ್ ಎಂದರೆ ತಂಡದ ಸರ್ವಸ್ವ. ಯಾರು ಆಡಬೇಕು, ಹೇಗೆ ಆಡಬೇಕು, ಯಾರನ್ನು ಕೊಳ್ಳಬೇಕು, ಯಾರನ್ನು ಮಾರಬೇಕು, ಎಲ್ಲದರಲ್ಲೂ ಅವನ ಮಾತು ನಡೆಯುತ್ತದೆ. ಗೆದ್ದರೆ ಹೊಗಳಿಕೆ, ಸೋತರೆ ಬೈಗುಳ, ಎರಡೂ ಅವನ ತಲೆಗೇ.

ಕಟ್ಟಿದ ಮನುಷ್ಯ

ವೆಂಗರ್ ಫ್ರಾನ್ಸಿನವರು. 1996ರಲ್ಲಿ ಜಪಾನಿನ ಒಂದು ಕ್ಲಬ್ಬಿನಿಂದ ಆರ್ಸೆನಲ್‌ಗೆ ಬಂದಾಗ ಇಂಗ್ಲೆಂಡಿನಲ್ಲಿ ಹೆಚ್ಚಿನವರಿಗೆ ಅವರ ಹೆಸರೇ ಗೊತ್ತಿರಲಿಲ್ಲ. ಇವರು ಯಾರಪ್ಪಾ ಅಂತ ಲಂಡನ್ನಿನ ಪತ್ರಿಕೆಯೇ ಕೇಳಿತ್ತು. ಬಂದವರು ಮೊದಲು ಕೈಹಾಕಿದ್ದು ಆಟಗಾರರ ಊಟದ ತಟ್ಟೆಗೆ. ಚಾಕೊಲೇಟು, ಕರಿದ ತಿಂಡಿ ಹೋಗಿ ಬೇಯಿಸಿದ ತರಕಾರಿ, ಮೀನು, ಕೋಳಿ ಬಂತು. ಬಸ್ಸಿನಲ್ಲಿ ಆಟಗಾರರು ನಮ್ಮ ಚಾಕೊಲೇಟು ನಮಗೆ ಕೊಡಿ ಅಂತ ಹಾಡಿದರಂತೆ. ನಕ್ಕವರೇ ಆಮೇಲೆ ಅದೇ ದಾರಿ ಹಿಡಿದರು.

1998 ಮತ್ತು 2002ರಲ್ಲಿ ಲೀಗ್ ಪ್ರಶಸ್ತಿ ಮತ್ತು ಎಫ್‌ಎ ಕಪ್ ಎರಡನ್ನೂ ಒಂದೇ ಋತುವಿನಲ್ಲಿ ಗೆದ್ದರು. 2003-04ರ ಋತುವಿನಲ್ಲಿ ಲೀಗಿನ 38 ಪಂದ್ಯಗಳಲ್ಲಿ ಒಂದನ್ನೂ ಸೋಲಲಿಲ್ಲ. 26 ಗೆಲುವು, 12 ಸಮ. ಮುಂಚಿನ ಮತ್ತು ನಂತರದ ಋತುವಿನ ಪಂದ್ಯಗಳನ್ನು ಸೇರಿಸಿದರೆ ಸೋಲಿಲ್ಲದ ಓಟ 49 ಪಂದ್ಯಗಳಷ್ಟು ಉದ್ದ.

ಆಮೇಲೆ ಬಂದದ್ದು ಸಾಲದ ವರ್ಷಗಳು. ಹೈಬರಿ ಎಂಬ ಹಳೆಯ ಮೈದಾನದಲ್ಲಿ ಜನ ಹಿಡಿಯುತ್ತಿರಲಿಲ್ಲ. ಸುಮಾರು 39 ಕೋಟಿ ಪೌಂಡ್ ಖರ್ಚಿನಲ್ಲಿ 60 ಸಾವಿರ ಜನ ಕೂರುವ ಹೊಸ ಕ್ರೀಡಾಂಗಣ ಕಟ್ಟಿ 2006ರಲ್ಲಿ ಅಲ್ಲಿಗೆ ಹೋದರು. ಸಾಲ ಕೊಡುವ ಬ್ಯಾಂಕಿನವರು, ವೆಂಗರ್ ಐದು ವರ್ಷ ಇಲ್ಲೇ ಇರಬೇಕು ಅಂತ ಕೇಳಿದ್ದರು ಎಂದು ಸ್ವತಃ ವೆಂಗರ್ ನಂತರ ಹೇಳಿದ್ದಾರೆ. ಮನೆ ಕಟ್ಟಲು ಸಾಲ ಮಾಡಿದ ಯಾರಿಗಾದರೂ ಮುಂದಿನದು ಅರ್ಥವಾಗುತ್ತದೆ. ಕೈ ಬಿಗಿ ಹಿಡಿಯಬೇಕಾಯಿತು. ಒಳ್ಳೊಳ್ಳೆಯ ಆಟಗಾರರು ಒಬ್ಬೊಬ್ಬರೇ ಹೊರಟರು. 2011ರಲ್ಲಿ ಫ್ಯಾಬ್ರೆಗಾಸ್, ನಸ್ರಿ, 2012ರಲ್ಲಿ ವಾನ್ ಪರ್ಸಿ. ಕೊನೆಯವರು ಹೋದದ್ದು ಬದ್ಧ ಎದುರಾಳಿ ಮ್ಯಾಂಚೆಸ್ಟರ್ ಯುನೈಟೆಡ್‌ಗೆ. ಹೀಗಿದ್ದೂ ವೆಂಗರ್ ಬಂದ ಮೇಲೆ 2016ರವರೆಗೆ ಸತತ 20 ಋತು ತಂಡ ಲೀಗಿನ ಮೊದಲ ನಾಲ್ಕು ಸ್ಥಾನದಿಂದ ಕೆಳಗೆ ಇಳಿಯಲಿಲ್ಲ.

ಎರಡು ಪಕ್ಷ, ಎರಡಕ್ಕೂ ನ್ಯಾಯ

ಹೋಗಲಿ ಎಂದವರ ಮಾತನ್ನು ಮೊದಲು ಕೇಳೋಣ. 2005ರ ನಂತರ ಒಂಬತ್ತು ವರ್ಷ ಒಂದೂ ದೊಡ್ಡ ಕಪ್ ಇಲ್ಲ. 2011ರಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್ ಎದುರು 8-2ರ ಸೋಲು. 2014ರ ಮಾರ್ಚಿನಲ್ಲಿ ವೆಂಗರ್ ಅವರ ಸಾವಿರದ ಪಂದ್ಯ. ಹಬ್ಬವಾಗಬೇಕಿದ್ದ ಆ ದಿನ ಚೆಲ್ಸಿ ಎದುರು 6-0. 2017ರಲ್ಲಿ ಜರ್ಮನಿಯ ಬಾಯರ್ನ್ ಮ್ಯೂನಿಕ್ ಅಲ್ಲೂ 5-1, ಇಲ್ಲೂ 5-1 ಅಂತ ಸೋಲಿಸಿತು. ಪ್ರತಿ ವರ್ಷ ಅದೇ ಕಥೆ, ಅದೇ ತಪ್ಪು. ಟಿಕೆಟ್ ದರವೋ, ಇಡೀ ಇಂಗ್ಲೆಂಡಿನಲ್ಲೇ ದುಬಾರಿ ಪೈಕಿ. ದುಡ್ಡು ಕೊಟ್ಟು ಬರುವವನು ಪ್ರಶ್ನೆ ಕೇಳಬಾರದಾ? ಹಿಂದೆ ಮಾಡಿದ ಉಪಕಾರಕ್ಕಾಗಿ ಮುಂದಿನ ಕಾಲವನ್ನೂ ಬರೆದುಕೊಡಬೇಕಾ?

ಇರಲಿ ಎಂದವರ ಮಾತಿನಲ್ಲೂ ಹುರುಳು ಇತ್ತು. ಕ್ರೀಡಾಂಗಣದ ಸಾಲದ ವರ್ಷಗಳಲ್ಲಿ ಹೊರೆ ಹೊತ್ತವರು ಯಾರು? ಆ ವರ್ಷಗಳಲ್ಲಿ ಬೇರೆ ದೊಡ್ಡ ಕ್ಲಬ್ಬುಗಳು ಕರೆದರೂ ಹೋಗದೆ ಉಳಿದವರು ಯಾರು? ಕೈ ಸ್ವಲ್ಪ ಸಡಿಲವಾದ ಮೇಲೆ 2014, 2015, 2017ರಲ್ಲಿ ಎಫ್‌ಎ ಕಪ್ ತಂದವರು ಯಾರು? ಅವರು ಇನ್ನೊಂದು ಉದಾಹರಣೆಯನ್ನೂ ತೋರಿಸುತ್ತಿದ್ದರು. 1986ರಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್‌ಗೆ ಬಂದ ಅಲೆಕ್ಸ್ ಫರ್ಗುಸನ್ ಮೂರು ವರ್ಷ ಕಳೆದರೂ ಏನೂ ಗೆಲ್ಲದಾಗ, ಅವರನ್ನು ಸಾಗಹಾಕಿ ಎಂದು ಅಲ್ಲಿಯ ಅಭಿಮಾನಿಗಳೇ ಬ್ಯಾನರ್ ಹಿಡಿದಿದ್ದರು. ಕ್ಲಬ್ ಕಾಯಿತು. ಅದೇ ಫರ್ಗುಸನ್ 2013ರವರೆಗೆ ಇದ್ದು 13 ಲೀಗ್ ಪ್ರಶಸ್ತಿ ಗೆದ್ದರು.

ಎರಡೂ ಪಕ್ಷದವರಿಗೆ ತಂಡದ ಮೇಲೆ ಇದ್ದದ್ದು ಪ್ರೀತಿಯೇ. ಆದರೆ ಜಗಳ ಬೆಳೆದ ಹಾಗೆ ಮಾತು ಕೆಟ್ಟಿತು. 2014ರ ಡಿಸೆಂಬರಿನಲ್ಲಿ ಸ್ಟೋಕ್ ಎಂಬ ಊರಿನಲ್ಲಿ ಸೋತು ರೈಲು ಹತ್ತುತ್ತಿದ್ದಾಗ ಕೆಲವರು 65 ವರ್ಷದ ವೆಂಗರ್ ಅವರನ್ನು ಪ್ಲಾಟ್‌ಫಾರ್ಮಿನಲ್ಲೇ ಗೇಲಿ ಮಾಡಿ ಕೂಗಿದರು. ಅದರ ವೀಡಿಯೊ ಲೋಕವೆಲ್ಲಾ ಸುತ್ತಿತು. ವೆಂಗರ್ ಹೊರಗೆ ಹೋಗಲಿ ಎಂಬ ಎರಡು ಪದದ ಬೋರ್ಡು ಕೊನೆಗೆ ಆಟ ಬಿಟ್ಟು ಎಲ್ಲೆಲ್ಲಿಗೋ ಹೋಯಿತು. 2017ರ ನವೆಂಬರಿನಲ್ಲಿ ಜಿಂಬಾಬ್ವೆಯ ಜನ ಅಧ್ಯಕ್ಷ ಮುಗಾಬೆ ಕೆಳಗಿಳಿಯಲಿ ಎಂದು ಬೀದಿಗಿಳಿದಾಗ, ಆ ಗುಂಪಿನಲ್ಲೂ ಒಬ್ಬ ಅದನ್ನು ಹಿಡಿದು ನಿಂತಿದ್ದ.

ವಿರೋಧ ಬೇರೆ, ಅವಮಾನ ಬೇರೆ. ಈ ವ್ಯವಸ್ಥೆ ಸಾಕು ಎನ್ನುವ ಹಕ್ಕು ಅಭಿಮಾನಿಗೆ ಖಂಡಿತ ಉಂಟು. ರೈಲ್ವೆ ಸ್ಟೇಷನ್ನಿನಲ್ಲಿ ಒಬ್ಬ ವಯಸ್ಸಾದ ಮನುಷ್ಯನನ್ನು ಹೀಯಾಳಿಸುವ ಹಕ್ಕು ಅದರೊಂದಿಗೆ ಬರುವುದಿಲ್ಲ.

ಬಾಯಿ ಬಿಡಬೇಕಾದವರು ಬಿಡಲಿಲ್ಲ

ಈಗ ಮುಖ್ಯ ವಿಷಯಕ್ಕೆ ಬರೋಣ. ಅಭಿಮಾನಿಗಳು ಇಷ್ಟು ಕಚ್ಚಾಡಲು ಕಾರಣ ಏನು? ನಮ್ಮ ಲೆಕ್ಕದಲ್ಲಿ, ತೀರ್ಮಾನ ಮಾಡಬೇಕಾದವರು ಮಾಡದೆ ಕೂತದ್ದು.

ವೆಂಗರ್ ಅವರನ್ನು ಕರೆತರಲು ಮುಂದೆ ನಿಂತಿದ್ದ ಕ್ಲಬ್ಬಿನ ಉಪಾಧ್ಯಕ್ಷ ಡೇವಿಡ್ ಡೀನ್, ಆಡಳಿತ ಮಂಡಳಿಯ ಒಳಜಗಳದಿಂದ 2007ರಲ್ಲಿ ಹೊರಟರು. ಅಲ್ಲಿಂದ ಮುಂದೆ ವೆಂಗರ್ ಅವರ ಎದುರು ಕೂತು, ಇದು ಸರಿ, ಇದು ತಪ್ಪು ಅಂತ ಸಮಸಮನಾಗಿ ಹೇಳುವ ಒಬ್ಬರು ಕಡಿಮೆಯಾದರು. 2011ರಿಂದ ಬಹುಪಾಲು ಷೇರು ಅಮೆರಿಕದ ಸ್ಟಾನ್ ಕ್ರೋಂಕಿ ಅವರ ಕೈಯಲ್ಲಿ. ಅವರು ಮಾತಾಡುವುದೇ ಅಪರೂಪ. ಮೌನಿ ಸ್ಟಾನ್ ಎಂಬ ಅಡ್ಡಹೆಸರೇ ಬಿದ್ದಿತ್ತು.

2017ರ ಬೇಸಿಗೆಗೆ ವೆಂಗರ್ ಕರಾರು ಮುಗಿಯುತ್ತದೆ ಎಂದು ಎಲ್ಲರಿಗೂ ಗೊತ್ತಿತ್ತು. ಇರುತ್ತಾರಾ, ಹೋಗುತ್ತಾರಾ ಎಂದು ಯಾರೂ ಖಚಿತವಾಗಿ ಹೇಳಲಿಲ್ಲ. ಇಡೀ ಋತು ಹಾಗೇ ಕಳೆಯಿತು. ವಿಮಾನ ಹಾರಿದ್ದು ಆ ಖಾಲಿ ಜಾಗದಲ್ಲೇ. ಲೀಗಿನಲ್ಲಿ ತಂಡ ಐದನೆಯದಾಯಿತು. 20 ವರ್ಷದ ಸರಪಳಿ ತುಂಡಾಯಿತು. ಮೇ ಕೊನೆಯಲ್ಲಿ ಚೆಲ್ಸಿ ಎದುರು 2-1ರಿಂದ ಎಫ್‌ಎ ಕಪ್ ಗೆದ್ದ ನಾಲ್ಕೇ ದಿನಕ್ಕೆ ಎರಡು ವರ್ಷದ ಹೊಸ ಕರಾರು ಘೋಷಣೆಯಾಯಿತು. ಕಪ್ ಎತ್ತಿ ಹಿಡಿದ ಆ ಸಂಜೆಯೇ ಗೌರವದಿಂದ ಹೋಗಿಬನ್ನಿ ಎನ್ನಲು ಒಳ್ಳೆಯ ಹೊತ್ತಾಗಿತ್ತು ಎಂದು ಅವರನ್ನು ಪ್ರೀತಿಸುವವರಲ್ಲೇ ಅನೇಕರು ನಂತರ ಹೇಳಿದರು.

ಮುಂದಿನ ಋತುವಿನಲ್ಲಿ ಕೂಗು ಕಡಿಮೆಯಾಗಿ ಕುರ್ಚಿಗಳು ಖಾಲಿಯಾಗತೊಡಗಿದವು. 2018ರ ಮಾರ್ಚ್ 1ರಂದು, ಹಿಮ ಸುರಿಯುತ್ತಿದ್ದ ರಾತ್ರಿ, ಮ್ಯಾಂಚೆಸ್ಟರ್ ಸಿಟಿ ಎದುರು 3-0 ಸೋತಾಗ ಸಾಲು ಸಾಲು ಕೆಂಪು ಕುರ್ಚಿಗಳಲ್ಲಿ ಜನವೇ ಇರಲಿಲ್ಲ. ಬೈಯುವವನಿಗೆ ಇನ್ನೂ ಸ್ವಲ್ಪ ಆಸೆ ಇರುತ್ತದೆ. ಬಾರದೇ ಉಳಿದವನ ಹತ್ತಿರ ಮಾತಾಡುವುದು ಹೇಗೆ? ಏಪ್ರಿಲ್ 20ರಂದು, ಕರಾರಿನಲ್ಲಿ ಇನ್ನೂ ಒಂದು ವರ್ಷ ಇರುವಾಗಲೇ, ವೆಂಗರ್ ಋತುವಿನ ಕೊನೆಗೆ ಹೋಗುತ್ತಾರೆ ಎಂದು ಕ್ಲಬ್ ತಿಳಿಸಿತು.

ಮೇ 6ರಂದು ಸ್ವಂತ ಮೈದಾನದಲ್ಲಿ ಅವರ ಕೊನೆಯ ಪಂದ್ಯ. ಬರ್ನ್‌ಲಿ ಎದುರು 5-0 ಗೆಲುವು. ಕುರ್ಚಿಗಳೆಲ್ಲಾ ಮತ್ತೆ ತುಂಬಿದ್ದವು. ಧನ್ಯವಾದ ಎಂದು ಫ್ರೆಂಚಿನಲ್ಲಿ ಬರೆದ ಅಂಗಿ ತೊಟ್ಟು ಜನ ಎದ್ದು ನಿಂತರು. ಹಿಂದಿನ ದಿನವಷ್ಟೇ ಫರ್ಗುಸನ್ ಅವರಿಗೆ ಮಿದುಳಿನ ರಕ್ತಸ್ರಾವವಾಗಿ ಆಸ್ಪತ್ರೆ ಸೇರಿದ ಸುದ್ದಿ ಬಂದಿತ್ತು. ಮೈಕ್ ಹಿಡಿದ ವೆಂಗರ್, ಇಷ್ಟು ವರ್ಷ ಎದುರಾಳಿಯಾಗಿದ್ದ ಆ ಮನುಷ್ಯ ಗುಣವಾಗಲಿ ಎಂದು ಹಾರೈಸಿಯೇ ಮಾತು ಆರಂಭಿಸಿದರು. ತನ್ನನ್ನು ಬೀಳ್ಕೊಡುವ ದಿನ ಮೊದಲ ಮಾತು ಇನ್ನೊಬ್ಬರಿಗಾಗಿ. 22 ವರ್ಷ, 1235 ಪಂದ್ಯಗಳ ಓಟ ಆ ಋತುವಿನ ಕೊನೆಗೆ ಮುಗಿಯಿತು.

ಆಮೇಲೆ ಏನಾಯಿತು?

ಮ್ಯಾನೇಜರ್ ಬದಲಾದ ಕೂಡಲೇ ಎಲ್ಲ ಸರಿಹೋಗಲಿಲ್ಲ. ನಂತರ ಬಂದ ಸ್ಪೇನಿನ ಉನೈ ಎಮೆರಿ 2019ರ ನವೆಂಬರಿನಲ್ಲಿ ಕೆಲಸ ಕಳೆದುಕೊಂಡರು. ಒಂದೂವರೆ ವರ್ಷ, ಅಷ್ಟೇ. ಆ ಡಿಸೆಂಬರಿನಲ್ಲಿ ಬಂದದ್ದು ಮಿಕೆಲ್ ಆರ್ಟೆಟಾ, ಹಿಂದೆ ವೆಂಗರ್ ಕೈಕೆಳಗೆ ಇದೇ ತಂಡದ ನಾಯಕನಾಗಿದ್ದವರು. 2020ರಲ್ಲಿ ಎಫ್‌ಎ ಕಪ್ ಗೆದ್ದರೂ ಲೀಗಿನಲ್ಲಿ ಸತತ ಎರಡು ಸಲ ಎಂಟನೇ ಸ್ಥಾನ. 2020ರ ಡಿಸೆಂಬರಿನಲ್ಲಿ ತಂಡ 15ನೇ ಸ್ಥಾನಕ್ಕೆ ಇಳಿದಾಗ, 2021ರ ಆಗಸ್ಟಿನಲ್ಲಿ ಮೊದಲ ಮೂರೂ ಪಂದ್ಯ ಸೋತು ಪಟ್ಟಿಯ ತಳಕ್ಕೆ ಬಿದ್ದಾಗ, ಇವರೂ ಹೋಗಲಿ ಎಂಬ ಕೂಗು ಎದ್ದಿತು.

ಈ ಸಲ ಕ್ಲಬ್ ಬೇರೆ ರೀತಿ ನಡೆದುಕೊಂಡಿತು. ಮ್ಯಾನೇಜರ್ ಒಬ್ಬರ ಮೇಲೆಯೇ ಎಲ್ಲವನ್ನೂ ಹೇರದೆ, ಆಟಗಾರರನ್ನು ಕೊಳ್ಳುವ ವಿಷಯ ನೋಡಲು ತಂಡದ ಹಳೆಯ ಆಟಗಾರ ಎಡು ಅವರನ್ನು ಇಟ್ಟುಕೊಂಡಿತ್ತು. ಎಳೆಯ ಹುಡುಗರನ್ನು ಕಟ್ಟಿ ಬೆಳೆಸುವ ಯೋಜನೆ ಎಲ್ಲರ ಕಣ್ಣಿಗೆ ಕಾಣುವಂತಿತ್ತು. 2023, 2024, 2025, ಮೂರು ಋತು ಸತತವಾಗಿ ತಂಡ ಲೀಗಿನಲ್ಲಿ ಎರಡನೆಯದಾಯಿತು. ಎರಡನೇ ಸ್ಥಾನದಲ್ಲೇ ನಿಂತಾಗ ಮತ್ತೆ ಅದೇ ಚರ್ಚೆ ಬಂತು, ಅದು ಬೇರೆ ಮಾತು. ಅಭಿಮಾನಿ ಇರುವವರೆಗೆ ಈ ಚರ್ಚೆಯೂ ಇರುತ್ತದೆ.

ತಾಳ್ಮೆಯಲ್ಲೂ ಎರಡು ವಿಧ ಉಂಟು ಎಂದು ಈ ಎರಡು ಕಥೆ ಪಕ್ಕಪಕ್ಕ ಇಟ್ಟರೆ ಕಾಣುತ್ತದೆ. ಎಲ್ಲಿಗೆ ಹೋಗುತ್ತಿದ್ದೇವೆ ಎಂದು ಗೊತ್ತಿದ್ದು ಕಾಯುವುದು ಒಂದು. ಹೇಳಲು ಧೈರ್ಯ ಇಲ್ಲದೆ ಇವತ್ತು ಬೇಡ, ನಾಳೆ ನೋಡೋಣ ಅಂತ ದಿನ ದೂಡುವುದು ಇನ್ನೊಂದು. ವೆಂಗರ್ ಅವರ ಕೊನೆಯ ವರ್ಷಗಳಲ್ಲಿ ಕ್ಲಬ್ ಮಾಡಿದ್ದು ಎರಡನೆಯದು. ಅದರ ಬೆಲೆ ತೆತ್ತದ್ದು ಮಾತ್ರ ವೆಂಗರ್ ಮತ್ತು ಅಭಿಮಾನಿಗಳು.

ಹೊರಟ ಮೇಲೆ ವೆಂಗರ್ ನಾಲ್ಕೂವರೆ ವರ್ಷ ಆ ಕ್ರೀಡಾಂಗಣಕ್ಕೆ ಪಂದ್ಯ ನೋಡಲು ಬರಲಿಲ್ಲ. 2022ರ ಡಿಸೆಂಬರ್ 26ರಂದು ಬಂದು ಗ್ಯಾಲರಿಯಲ್ಲಿ ಕೂತಾಗ ಇಡೀ ಮೈದಾನ ಅವರ ಹೆಸರು ಕೂಗಿತು. 2023ರ ಜುಲೈನಲ್ಲಿ ಕ್ರೀಡಾಂಗಣದ ಹೊರಗೆ ಅವರ ಕಂಚಿನ ಪ್ರತಿಮೆ ನಿಲ್ಲಿಸಿದರು, ಲೀಗ್ ಕಪ್ಪನ್ನು ಎತ್ತಿ ಹಿಡಿದ ಭಂಗಿಯಲ್ಲಿ. ಹೋಗಲಿ ಎಂದವರೂ ಇರಲಿ ಎಂದವರೂ ಇವತ್ತು ಅದರ ಪಕ್ಕದಲ್ಲೇ ಹಾದು ಒಳಗೆ ಹೋಗುತ್ತಾರೆ.

ಮುಂದಿನ ಸಲ ಮನೆಯಲ್ಲಿ ಹುಡುಗರು ಈ ಮ್ಯಾನೇಜರ್ ಬೇಡ, ತೆಗೆದು ಹಾಕಬೇಕು ಅಂತ ಗಲಾಟೆ ಮಾಡಿದರೆ ಸುಮ್ಮನೆ ಗದರಬೇಡಿ. ಯಾಕೆ ಬೇಡ, ಬದಲಿಗೆ ಯಾರು, ಕಳಿಸುವುದಾದರೆ ಹೇಗೆ ಕಳಿಸುತ್ತೀರಿ ಅಂತ ಕೇಳಿ ನೋಡಿ. ಮೊದಲ ಪ್ರಶ್ನೆಗೆ ಎಲ್ಲರ ಹತ್ತಿರವೂ ಉತ್ತರ ಇರುತ್ತದೆ. ಮೂರನೆಯದಕ್ಕೆ ಉತ್ತರ ಹುಡುಕಲು ಸ್ವಲ್ಪ ಹೊತ್ತು ಬೇಕಾದೀತು. ಆ ಹೊತ್ತು ಅವರಿಗೆ ಕೊಡಿ.