ಶೂನ್ಯಗೃಹದ ಸಾಕ್ಷಿ: ಭಯಾನಕ ಚಿತ್ರವೊಂದರಲ್ಲಿ ಹದಿಹರೆಯದ ದನಿ

1

ಪುಣೆ ನಗರಕ್ಕೆ ಮೊದಲ ಸಲ ಹೋದವರಿಗೆ ಅಲ್ಲಿನ ಸ್ನೇಹಿತರು ತಪ್ಪದೆ ತೋರಿಸುವ ಸ್ಥಳ ಶನಿವಾರವಾಡಾ. ಒಂದನೆಯ ಬಾಜೀರಾಯನು 1730ರಲ್ಲಿ ಅಡಿಗಲ್ಲು ಹಾಕಿಸಿ 1732ರಲ್ಲಿ ವಾಸ್ತುಶಾಂತಿ ನೆರವೇರಿಸಿದ ಈ ಪೇಶ್ವೆ ಅರಮನೆ 1828ರ ಬೆಂಕಿಯಲ್ಲಿ ಬಹುಮಟ್ಟಿಗೆ ಸುಟ್ಟುಹೋಯಿತು. ಈಗ ಉಳಿದಿರುವುದು ಕೋಟೆಗೋಡೆ, ಹೆಬ್ಬಾಗಿಲು ಮತ್ತು ಒಳಗಿನ ತಳಪಾಯಗಳು. ಆದರೆ ತೋರಿಸುವವರು ಹೇಳುವುದು ಕಟ್ಟಡದ ಕಥೆಯನ್ನಲ್ಲ, ಒಂದು ಕೂಗಿನ ಕಥೆಯನ್ನು. 1773ರ ಆಗಸ್ಟ್ 30ರಂದು ಪೇಶ್ವೆ ನಾರಾಯಣರಾಯನನ್ನು ಗಾರ್ದಿ ಕಾವಲುಭಟರು ಈ ಅರಮನೆಯೊಳಗೇ ಅಟ್ಟಿಸಿಕೊಂಡು ಹೋಗಿ ಕೊಂದರು. ಆಗ ಅವನು ಹದಿನೆಂಟರ ಹುಡುಗ. ರಕ್ಷಣೆ ಬೇಡಿ ರಘುನಾಥರಾಯನ ಬಳಿಗೆ ಓಡಿ ಬಂದು, ‘ಚಿಕ್ಕಪ್ಪಾ, ನನ್ನನ್ನು ಉಳಿಸು’ ಎಂದು ಅವನು ಕೂಗಿಕೊಂಡನೆಂದೂ, ಹುಣ್ಣಿಮೆಯ ರಾತ್ರಿಗಳಲ್ಲಿ ಆ ಕೂಗು ಇಂದಿಗೂ ಕೇಳಿಸುತ್ತದೆಂದೂ ಪ್ರತೀತಿ ಇದೆ. ಹಿಡಿಯಬೇಕೆಂಬ ಅರ್ಥದ ಮರಾಠಿ ಮಾತಿನ ‘ಧ’ಕಾರವನ್ನು ರಘುನಾಥರಾಯನ ಹೆಂಡತಿ ಆನಂದೀಬಾಯಿ ‘ಮ’ಕಾರವಾಗಿ ತಿದ್ದಿ, ಕೊಲ್ಲಬೇಕೆಂಬ ಅರ್ಥ ಬರಿಸಿದಳೆಂಬ ಐತಿಹ್ಯವೂ ಇದರ ಜೊತೆಗೆ ಸೇರಿಕೊಂಡಿದೆ.

ಈ ಐತಿಹ್ಯಗಳ ಸತ್ಯಾಸತ್ಯತೆ ನಮಗಿಲ್ಲಿ ಮುಖ್ಯವಲ್ಲ. ಜನಮನಸ್ಸು ಯಾವುದನ್ನು ನೆನಪಿನಲ್ಲಿ ಉಳಿಸಿಕೊಂಡಿದೆ ಎಂಬುದು ಮುಖ್ಯ. ಕತ್ತಿಯಾಗಲಿ ರಕ್ತವಾಗಲಿ ಆ ಮನೆಯನ್ನು ಭಯದ ಮನೆಯನ್ನಾಗಿ ಮಾಡಲಿಲ್ಲ. ಕೇಳಿಸಿಕೊಳ್ಳಬೇಕಾದವನು ಕೇಳಿಸಿಕೊಳ್ಳದೆ ಹೋದ ಒಂದು ಮಾತು ಹಾಗೆ ಮಾಡಿತು. ಹಿರಿಯರ ಅಪರಾಧವೊಂದು ಮನೆಯ ಎಳೆಯ ಜೀವದ ಬಾಯಲ್ಲಿ ದನಿ ಪಡೆಯುವುದು, ಆ ದನಿಯನ್ನು ಮನೆಯವರು ಆಲಿಸುವುದು ಅಥವಾ ಅಡಗಿಸುವುದು: ಭಯಾನಕ ಕಥನದ ತಿರುಳು ಇಲ್ಲಿದೆ ಎಂಬುದನ್ನು ಒಂದು ಚಲನಚಿತ್ರ ಮತ್ತು ಒಂದು ಹಳಗನ್ನಡ ಕಾವ್ಯದ ಮೂಲಕ ವಿವರಿಸುವುದು ಪ್ರಸ್ತುತ ಲೇಖನದ ಉದ್ದೇಶ.

2

ನಾರಾಯಣರಾಯನ ಕೊಲೆಯ ವಿಚಾರಣೆ ನಡೆಸಿ, ರಘುನಾಥರಾಯನನ್ನೇ ಅಪರಾಧಿಯೆಂದು ಸಾರಿದ ನ್ಯಾಯಾಧೀಶ ರಾಮಶಾಸ್ತ್ರಿ ಪ್ರಭುಣೆಯವರ ಚರಿತ್ರೆಯನ್ನು ಪುಣೆಯ ಪ್ರಭಾತ್ ಫಿಲ್ಮ್ ಕಂಪನಿ 1944ರಲ್ಲಿ ‘ರಾಮಶಾಸ್ತ್ರಿ’ ಎಂಬ ಚಿತ್ರವಾಗಿ ತಂದಿತು. 1929ರಲ್ಲಿ ಕೊಲ್ಲಾಪುರದಲ್ಲಿ ಹುಟ್ಟಿದ ಈ ಕಂಪನಿ 1933ರಲ್ಲಿ ಪುಣೆಗೆ ಬಂದು ನೆಲೆಸಿತ್ತು. ಕಂಪನಿ ಮುಚ್ಚಿದ ಮೇಲೆ ಅದರ ಸ್ಟುಡಿಯೋ ಆವರಣದಲ್ಲಿಯೇ 1960ರಲ್ಲಿ ಕೇಂದ್ರ ಸರ್ಕಾರದ ಫಿಲ್ಮ್ ಇನ್‌ಸ್ಟಿಟ್ಯೂಟ್ ಆರಂಭವಾಯಿತು. ಕನ್ನಡದ ಗಿರೀಶ ಕಾಸರವಳ್ಳಿಯವರು ಕಲಿತದ್ದು ಇಲ್ಲಿಯೇ. ಅವರಿಗಿಂತ ಕೆಲವು ವರ್ಷ ಮೊದಲು ಇಲ್ಲಿ ಸಂಕಲನ ಕಲಿತು ಹೊರಬಂದವರು ಅರುಣಾ ರಾಜೆ. ಚಿತ್ರತಂತ್ರದಲ್ಲಿ ಶಾಸ್ತ್ರೀಯ ಶಿಕ್ಷಣ ಪಡೆದ ಮೊದಲ ಭಾರತೀಯ ಮಹಿಳೆಯರ ಸಾಲಿಗೆ ಸೇರಿದ ಅವರು ವಿಕಾಸ ದೇಸಾಯಿಯವರೊಡನೆ ‘ಅರುಣಾ-ವಿಕಾಸ’ ಎಂಬ ಜಂಟಿ ಹೆಸರಿನಲ್ಲಿ 1980ರಲ್ಲಿ ನಿರ್ದೇಶಿಸಿದ ಹಿಂದಿ ಚಿತ್ರ ‘ಗೆಹರಾಯಿ’. ಹೆಸರಿನ ಅರ್ಥ ‘ಆಳ’. ಮರಾಠಿಯ ನಾಟಕಕಾರ ವಿಜಯ ತೆಂಡುಲ್ಕರ್ ಅವರು ಇದರ ಬರವಣಿಗೆಯಲ್ಲಿ ಪಾಲುಗೊಂಡಿದ್ದರು.

ಕನ್ನಡ ಓದುಗರು ಈ ಚಿತ್ರವನ್ನು ಗಮನಿಸಲು ವಿಶೇಷ ಕಾರಣವಿದೆ. ಭಾಷೆ ಹಿಂದಿಯಾದರೂ ಮನೆ ಕನ್ನಡದ್ದು. ಕಥೆ ನಡೆಯುವುದು ಬೆಂಗಳೂರಿನಲ್ಲಿ. ಯಜಮಾನ ಚೆನ್ನಬಸಪ್ಪ (ಡಾ. ಶ್ರೀರಾಮ ಲಾಗೂ), ಹೆಂಡತಿ ಸರೋಜಾ (ಇಂದ್ರಾಣಿ ಮುಖರ್ಜಿ), ಮಗ ನಂದೀಶ (ಅನಂತನಾಗ್), ಹದಿಹರೆಯದ ಮಗಳು ಉಮಾ (ಪದ್ಮಿನಿ ಕೊಲ್ಹಾಪುರೆ). 1965ರಲ್ಲಿ ಹುಟ್ಟಿದ ಪದ್ಮಿನಿಯವರು ಆಗ ನಿಜಕ್ಕೂ ಉಮಾಳ ವಯಸ್ಸಿನವರೇ ಆಗಿದ್ದರು.

3

ಹಿಂದಿಯಲ್ಲಿ ಅಲ್ಪ ವೆಚ್ಚದ ಭಯಾನಕ ಚಿತ್ರಗಳಿಗೆ ದಾರಿ ಹಾಕಿಕೊಟ್ಟವರು ರಾಮ್‌ಸೇ ಸಹೋದರರು. 1972ರ ‘ದೋ ಗಜ್ ಜಮೀನ್ ಕೇ ನೀಚೇ’ ಚಿತ್ರಕ್ಕಾಗಿ ಇಡೀ ತಂಡ ಪುಣೆಗೆ ಸಮೀಪದ ಮಹಾಬಲೇಶ್ವರಕ್ಕೆ ಹೋಗಿ, ತಂಗಿದ್ದ ಅತಿಥಿಗೃಹದಲ್ಲಿಯೇ ಚಿತ್ರೀಕರಣ ಮುಗಿಸಿತು. ಕೆಲವೇ ಪಾತ್ರಗಳು, ಒಂದೇ ಮನೆ, ರಾತ್ರಿಯ ಬೆಳಕು, ಉಳಿದುದೆಲ್ಲ ಧ್ವನಿ. ಭಯಾನಕವು ಹಣದ ಕೊರತೆಯನ್ನು ಸಹಿಸಿಕೊಳ್ಳುವುದಷ್ಟೇ ಅಲ್ಲ, ಅದನ್ನು ಗುಣವಾಗಿಯೂ ಮಾಡಿಕೊಳ್ಳಬಲ್ಲದು. ಪ್ರೇಕ್ಷಕನಿಗೆ ಕಾಣಿಸದಿರುವುದು ಕಾಣಿಸುವುದಕ್ಕಿಂತ ಹೆಚ್ಚು ಹೆದರಿಸುತ್ತದೆ. ಕಾಣಿಸದಿರುವುದಕ್ಕೆ ವೆಚ್ಚವೂ ಕಡಿಮೆ.

ಇದು ನಮ್ಮ ಕಾವ್ಯಮೀಮಾಂಸೆಗೆ ಹೊಸ ವಿಚಾರವಲ್ಲ. ಭರತನು ನಾಟ್ಯಶಾಸ್ತ್ರದ ಆರನೆಯ ಅಧ್ಯಾಯದಲ್ಲಿ ಭಯಾನಕ ರಸದ ವಿಭಾವಗಳನ್ನು ಎಣಿಸುವಾಗ ವಿಕೃತ ಧ್ವನಿ, ಭೂತಗಳ ದರ್ಶನ, ಯುದ್ಧ, ಅರಣ್ಯ, ಶೂನ್ಯಗೃಹ ಪ್ರವೇಶ ಮೊದಲಾದವನ್ನು ಹೇಳಿ, ಅದೇ ಪಟ್ಟಿಯಲ್ಲಿ ಗುರುವಿಗೂ ಅರಸನಿಗೂ ಎಸಗಿದ ಅಪರಾಧವನ್ನು ಸೇರಿಸುತ್ತಾನೆ. ಹೊರಗಿನ ಪಾಳುಮನೆ, ಒಳಗಿನ ತಪ್ಪು, ಎರಡೂ ಅವನಿಗೆ ಒಂದೇ ರಸದ ಕಾರಣಗಳು. ಈ ಎರಡನೆಯದನ್ನು ವ್ಯಾಖ್ಯಾನಕಾರರೂ ವಿದ್ಯಾರ್ಥಿಗಳೂ ಸಾಮಾನ್ಯವಾಗಿ ಬೇಗ ದಾಟಿಬಿಡುತ್ತಾರೆ. ನಮ್ಮ ತರಗತಿಗಳಲ್ಲಿ ಭಯಾನಕಕ್ಕೆ ಉದಾಹರಣೆ ಕೇಳಿದರೆ ಬರುವುದು ಸ್ಮಶಾನವೇ ಹೊರತು ಅಪರಾಧವಲ್ಲ. ‘ಗೆಹರಾಯಿ’ಯ ಹೆಚ್ಚುಗಾರಿಕೆ ಇರುವುದು ಶೂನ್ಯಗೃಹವನ್ನು ಅಪರಾಧದ ಮೇಲೆಯೇ ಕಟ್ಟಿರುವುದರಲ್ಲಿ.

4

ಈ ಚಿತ್ರದಲ್ಲಿ ಪಾಳುಬಂಗಲೆಯಿಲ್ಲ, ಜೇಡರಬಲೆಯಿಲ್ಲ. ಸಾಧಾರಣ ಮಧ್ಯಮ ವರ್ಗದ ಕುಟುಂಬವೊಂದರ ಮನೆ. ಚೆನ್ನಬಸಪ್ಪ ಊರಿನಲ್ಲಿದ್ದ ಪಿತ್ರಾರ್ಜಿತ ತೋಟವನ್ನು ಸಾಬೂನು ತಯಾರಿಸುವ ಕಂಪನಿಗೆ ಮಾರಿಬಿಡುತ್ತಾನೆ. ಅವನ ಮನಸ್ಸಿನಲ್ಲಿರುವುದು ಬೆಂಗಳೂರಿನಲ್ಲಿ ಸ್ವಂತ ಮನೆ. ತೋಟವನ್ನು ಬಹುಕಾಲದಿಂದ ನೋಡಿಕೊಂಡು ಬಂದ ಬಸವನಿಗೆ ಆ ನೆಲ ತಾಯಿ. ತಾಯಿಯನ್ನು ಮಾರಿದವನೆಂದು ಅವನು ಒಡೆಯನನ್ನು ದೂರುತ್ತಾನೆ. ಒಡೆಯ ಅದನ್ನು ಕಿವಿಯ ಮೇಲೆ ಹಾಕಿಕೊಳ್ಳುವುದಿಲ್ಲ. ಸ್ವಲ್ಪ ಕಾಲದಲ್ಲಿಯೇ ಬೆಂಗಳೂರಿನ ಮನೆಯಲ್ಲಿ ಉಮಾಳ ನಡವಳಿಕೆ ಬದಲಾಗುತ್ತದೆ. ಅವಳ ಬಾಯಿಂದ ಅವಳದಲ್ಲದ ಮಾತು ಹೊರಡುತ್ತದೆ. ಬಸವನ ಹೆಂಡತಿಗೆ ಹಿಂದೊಮ್ಮೆ ತಂದೆ ಎಸಗಿದ ಅನ್ಯಾಯವನ್ನು, ಮನೆಯಲ್ಲಿ ಯಾರಿಗೂ ತಿಳಿದಿರದ ಆ ಸಂಗತಿಯನ್ನು, ಮಗಳು ತಾಯಿಯ ಎದುರಿನಲ್ಲಿಯೇ ನುಡಿಯುತ್ತಾಳೆ.

ಇಲ್ಲಿಂದ ಮುಂದೆ ಕಥೆ ಎರಡು ದಾರಿ ಹಿಡಿಯುತ್ತದೆ. ಮಗಳಿಗೆ ಆದದ್ದೇನು ಎಂಬ ಪ್ರಶ್ನೆ ಒಂದು. ತಂದೆ ವಿಚಾರವಾದಿ, ವೈದ್ಯರಲ್ಲಿ ನಂಬಿಕೆ ಇಟ್ಟವನು. ತಾಯಿ ದೈವಭೀರು. ಅಣ್ಣ ನಂದೀಶ ಇಬ್ಬರ ನಡುವೆ ಉತ್ತರ ಹುಡುಕುವವನು. ವೈದ್ಯರು ಬರುತ್ತಾರೆ, ಮಾಂತ್ರಿಕರು ಬರುತ್ತಾರೆ. ಅವರಲ್ಲಿ ಅಮರೀಶ ಪುರಿಯವರು ಅಭಿನಯಿಸಿದ ಪುಟ್ಟಾಚಾರಿಯಂತೂ ಬಿಡಿಸುವ ನೆಪದಲ್ಲಿ ಆ ಹುಡುಗಿಯನ್ನೇ ತನ್ನ ಸಾಧನೆಗೆ ಬಳಸಿಕೊಳ್ಳಲು ಹವಣಿಸುತ್ತಾನೆ. ಚಿತ್ರದ ಅತ್ಯಂತ ಭಯಂಕರ ಸನ್ನಿವೇಶ ಇದೇ. ಇದರಲ್ಲಿ ಹೆದರಿಸುವವನು ಭೂತವಲ್ಲ, ಮನುಷ್ಯ.

ಎರಡನೆಯ ಪ್ರಶ್ನೆ: ಮಗಳು ಹೇಳಿದ್ದು ನಿಜವೇ? ಇದನ್ನು ಮನೆಯಲ್ಲಿ ಯಾರೂ ನೆಟ್ಟಗೆ ಕೇಳುವುದಿಲ್ಲ. ರೋಗವೆಂದರೆ ಅವಳ ಮಾತು ರೋಗದ ಲಕ್ಷಣ; ಭೂತವೆಂದರೆ ಅದು ಭೂತದ ಮಾತು. ಎರಡರಲ್ಲಿ ಯಾವುದನ್ನು ಒಪ್ಪಿದರೂ ಅವಳು ಸಾಕ್ಷಿಯಾಗಿ ಉಳಿಯುವುದಿಲ್ಲ. ವಿಜ್ಞಾನವೂ ಮಂತ್ರವಾದವೂ ಪರಸ್ಪರ ಶತ್ರುಗಳಾಗಿದ್ದರೂ ಆ ಹುಡುಗಿಯ ಬಾಯಿ ಮುಚ್ಚಿಸುವ ಕೆಲಸದಲ್ಲಿ ಆ ಮನೆಯಲ್ಲಿ ಒಂದಾಗುತ್ತವೆ.

ಈ ಸಂದರ್ಭದಲ್ಲಿ ಕರಾವಳಿಯ ಆಚರಣೆಯೊಂದನ್ನು ನೆನೆಯಬಹುದು. ತುಳುನಾಡಿನಲ್ಲಿ ‘ಭೂತ’ವೆಂದರೆ ಪ್ರೇತವಲ್ಲ, ದೈವ. ಕೋಲದಲ್ಲಿ ದೈವ ಪಾತ್ರಿಯ ಮೈಮೇಲೆ ಬಂದು ನುಡಿ ಕೊಡುತ್ತದೆ. ನೆಲದ ವ್ಯಾಜ್ಯ, ಕುಟುಂಬದ ಕಲಹ ಅದರ ಮುಂದೆ ಬರುತ್ತವೆ. ಊರು ಕೈಮುಗಿದು ಕೇಳುತ್ತದೆ. ಮೈಮೇಲೆ ಬಂದ ಮಾತಿಗೆ ಅಲ್ಲಿ ಸಭೆ ಇದೆ. ಉಮಾಳಿಗೆ ಸಭೆಯಿಲ್ಲ, ಮುಚ್ಚಿದ ಕೋಣೆ ಮಾತ್ರ ಇದೆ. ಊರಿನ ನೆಲವನ್ನು ಕಳೆದುಕೊಂಡು ನಗರದಲ್ಲಿ ಮನೆ ಬಯಸಿದ ಕುಟುಂಬ ನೆಲದ ಜೊತೆಗೆ ಆ ಸಭೆಯನ್ನೂ ಕಳೆದುಕೊಂಡಿದೆ.

5

ಕೇಳುವ ಸಭೆಯೊಂದು ದೊರೆತಿದ್ದರೆ ಏನಾಗುತ್ತಿತ್ತು? ಈ ಪ್ರಶ್ನೆಗೆ ಕನ್ನಡದಲ್ಲಿ ಎಂಟು ಶತಮಾನಗಳ ಹಿಂದೆಯೇ ಒಂದು ಉತ್ತರ ದೊರೆತಿದೆ. ಜನ್ನನ ‘ಯಶೋಧರಚರಿತೆ’ (1209) ಆರಂಭವಾಗುವುದು ಭಯದ ಮನೆಯೊಂದರಲ್ಲಿ. ಅದು ಚಂಡಮಾರಿಯ ಗುಡಿ. ಮಾರಿದತ್ತನೆಂಬ ಅರಸನು ಬಲಿಗಾಗಿ ಪ್ರಾಣಿಗಳನ್ನು ತರಿಸಿ ನೆರಪಿದ್ದಾನೆ. ನರಬಲಿಗೆಂದು ತಳಾರ ಚಂಡಕರ್ಮನು ಹಿಡಿದು ತರುವುದು ಅಭಯರುಚಿ, ಅಭಯಮತಿ ಎಂಬ ಎಳೆಯ ಅಣ್ಣತಂಗಿಯರನ್ನು. ಶೂನ್ಯಗೃಹ, ವಿಕೃತ ಧ್ವನಿ, ಆಯುಧ, ಎಳೆಯ ಜೀವ, ಭಯಾನಕದ ಸಾಮಗ್ರಿಯೆಲ್ಲ ಇಲ್ಲಿ ಒಂದೆಡೆ ಕೂಡಿದೆ. ಆದರೆ ಆ ಮಕ್ಕಳು ಅಂಜುವುದಿಲ್ಲ. ಅರಸನನ್ನು ಹರಸಬೇಕೆಂದಾಗ ಅಭಯರುಚಿಯು ಧರ್ಮದಿಂದ ಆಳೆಂಬ ಅರ್ಥದ ಮಾತನ್ನೇ ಹರಕೆಯಾಗಿ ನುಡಿಯುತ್ತಾನೆ. ಬೆರಗುಗೊಂಡ ಅರಸ ಎತ್ತಿದ ಕತ್ತಿಯನ್ನು ತಡೆದು ನೀವು ಯಾರೆಂದು ಕೇಳುತ್ತಾನೆ. ಕಾವ್ಯವೆಲ್ಲ ಆ ಒಂದು ಪ್ರಶ್ನೆಗೆ ಉತ್ತರ.

ಅಭಯರುಚಿ ಹೇಳುವುದು ಹಿಂದಿನ ಜನ್ಮಗಳ ಕಥೆ. ತಾನು ಯಶೋಧರನಾಗಿದ್ದಾಗ ತಾಯಿ ಚಂದ್ರಮತಿಯ ಒತ್ತಾಯಕ್ಕೆ ಹಿಟ್ಟಿನ ಕೋಳಿಯನ್ನು ಬಲಿಕೊಟ್ಟದ್ದು, ಆ ಸಂಕಲ್ಪಹಿಂಸೆಯ ಫಲವಾಗಿ ತಾಯಿಮಗ ಇಬ್ಬರೂ ಪ್ರಾಣಿಜನ್ಮಗಳಲ್ಲಿ ತೊಳಲಿದ್ದು. ಎಳೆಯನ ಬಾಯಲ್ಲಿ ಹಳೆಯ ಅಪರಾಧ ನುಡಿಯುವ ಈ ವಿನ್ಯಾಸ ‘ಗೆಹರಾಯಿ’ಯದೇ. ಸಂಬಂಧಗಳಲ್ಲಿ ವ್ಯತ್ಯಾಸವಿದೆ: ಅಭಯರುಚಿ ನುಡಿಯುವುದು ತನ್ನದೇ ತಪ್ಪನ್ನು, ಉಮಾ ನುಡಿಯುವುದು ತಂದೆಯ ತಪ್ಪನ್ನು. ಆದರೆ ನಿರ್ಣಾಯಕವಾದ ಭೇದ ಕೇಳುಗನಲ್ಲಿದೆ. ಮಾರಿದತ್ತ ಕೇಳುತ್ತಾನೆ, ಕೇಳಿ ಬದಲಾಗುತ್ತಾನೆ, ಹಿಂಸೆಯನ್ನು ತೊರೆಯುತ್ತಾನೆ. ಅವನು ಕೇಳಿದ ಕಾರಣಕ್ಕೆ ಗುಡಿಯ ಭಯ ಅಳಿದು ಶಾಂತಕ್ಕೆ ಎಡೆಯಾಗುತ್ತದೆ. ಚೆನ್ನಬಸಪ್ಪ ಕೇಳುವುದಿಲ್ಲ, ಆದುದರಿಂದ ಮನೆ ಭಯದ ಮನೆಯಾಗಿಯೇ ಉಳಿಯುತ್ತದೆ. ಜನ್ನನನ್ನು ಅಹಿಂಸೆಯ ಕವಿಯೆಂದು ನಾವು ಪಾಠ ಹೇಳುತ್ತ ಬಂದಿದ್ದೇವೆ. ಆಲಿಸುವಿಕೆಯ ಕವಿಯೆಂದೂ ಹೇಳಬೇಕೆಂದು ಈ ಚಿತ್ರವನ್ನು ನೋಡಿದ ಮೇಲೆ ನನಗೆ ತೋರಿತು.

6

ಇದೇ ಕಾಲದ ಎರಡು ಕನ್ನಡ ಚಿತ್ರಗಳನ್ನು ಹೋಲಿಸಿದರೆ ಈ ಮಾತು ಇನ್ನಷ್ಟು ಸ್ಪಷ್ಟವಾಗುತ್ತದೆ. 1979ರ ‘ನಾ ನಿನ್ನ ಬಿಡಲಾರೆ’ಯಲ್ಲಿ ಪ್ರೇತಾವೇಶಕ್ಕೆ ಒಳಗಾಗುವವನು ಅನಂತನಾಗ್ ಅವರೇ ಅಭಿನಯಿಸಿದ ನಾಯಕ. ಅಲ್ಲಿ ಬಿಡುಗಡೆ ದೊರೆಯುವುದು ರಾಘವೇಂದ್ರಸ್ವಾಮಿಗಳ ಕೃಪೆಯಿಂದ. ಪ್ರೇತ ತೊಲಗಿದರೆ ಮನೆ ಮೊದಲಿನಂತಾಗುತ್ತದೆ. ಮನೆಯವರು ತಮ್ಮನ್ನು ತಾವು ಪ್ರಶ್ನಿಸಿಕೊಳ್ಳಬೇಕಾಗಿಲ್ಲ. ಅನಂತಮೂರ್ತಿಯವರ ಕಥೆಯನ್ನು ಆಧರಿಸಿ ಕಾಸರವಳ್ಳಿಯವರು 1977ರಲ್ಲಿ ನಿರ್ದೇಶಿಸಿದ ‘ಘಟಶ್ರಾದ್ಧ’ದಲ್ಲಿ ಪ್ರೇತವೇ ಇಲ್ಲ. ಆದರೆ ವೇದಪಾಠದ ಮನೆಯಲ್ಲಿರುವ ನಾಣಿ ಎಂಬ ಹುಡುಗ ವಿಧವೆ ಯಮುನೆಗೆ ಆಗುವುದನ್ನೆಲ್ಲ ಕಾಣುತ್ತಾನೆ, ರಾತ್ರಿಯ ಕಾಡಿನಲ್ಲಿ ಹೆದರುತ್ತಾನೆ, ಏನನ್ನೂ ತಡೆಯಲಾರದೆ ಉಳಿಯುತ್ತಾನೆ. ಬದುಕಿರುವವಳಿಗೇ ಶ್ರಾದ್ಧ ಮಾಡಿ ಮುಗಿಸುವ ಆ ಸಮಾಜ ಯಾವ ಭೂತಚಿತ್ರಕ್ಕೂ ಕಡಿಮೆಯಿಲ್ಲದಂತೆ ನಮ್ಮನ್ನು ನಡುಗಿಸುತ್ತದೆ. ನಾಣಿ ಕಂಡೂ ನುಡಿಯಲಾರದ ಸಾಕ್ಷಿ. ಉಮಾ ನುಡಿದರೂ ಯಾರೂ ನಂಬದ ಸಾಕ್ಷಿ.

ಇಂತಹ ಚರ್ಚೆ ಸಾಹಿತ್ಯದ ಕೋಣೆಯೊಳಗೆ ಮುಗಿಯುವಂಥದಲ್ಲ. ಹದಿಹರೆಯದ ಹುಡುಗಿಯೊಬ್ಬಳು ಇದ್ದಕ್ಕಿದ್ದಂತೆ ಮೌನಿಯಾದರೆ, ಕಿರುಚಿದರೆ, ಹೇಳಬಾರದ್ದನ್ನು ಹೇಳಿದರೆ, ‘ಗಾಳಿ ಸೋಕಿದೆ’ ಎಂದು ಮಾಂತ್ರಿಕರ ಬಳಿಗೆ ಕರೆದೊಯ್ಯುವ ಮನೆಗಳು ನಮ್ಮ ನಡುವೆ ಇವೆ. ಅವಳು ಮನೆಯೊಳಗಿನ ಯಾವ ಸಂಗತಿಯನ್ನು ಹೇಳಲು ಹೆಣಗುತ್ತಿದ್ದಾಳೆಂದು ಕೇಳುವವರು ವಿರಳ. ಪುಟ್ಟಾಚಾರಿಗಳ ವಿರುದ್ಧ ಕಾನೂನು ಬೇಕೆಂದು ವರ್ಷಗಳ ಕಾಲ ಹೋರಾಡಿದ ಡಾ. ನರೇಂದ್ರ ದಾಭೋಲ್ಕರ್ ಅವರು 2013ರ ಆಗಸ್ಟ್ 20ರ ಬೆಳಗ್ಗೆ ಪುಣೆಯಲ್ಲಿ, ಶನಿವಾರವಾಡೆಗೆ ದೂರವಲ್ಲದ ಸೇತುವೆಯೊಂದರ ಮೇಲೆ ಗುಂಡಿಗೆ ಬಲಿಯಾದರು. ಮಹಾರಾಷ್ಟ್ರದ ಕಾನೂನು ಅದೇ ವರ್ಷ ಬಂದಿತು, ಕರ್ನಾಟಕದ್ದು 2017ರಲ್ಲಿ. ಕಾನೂನು ಮಾಂತ್ರಿಕನ ಕೈಯನ್ನು ಹಿಡಿಯಬಲ್ಲದು. ಮಗುವಿನ ಮಾತಿಗೆ ಕಿವಿಗೊಡುವುದನ್ನು ಮನೆಯೇ ಕಲಿಯಬೇಕು.

ಶನಿವಾರವಾಡೆಯ ಹುಣ್ಣಿಮೆಯ ಕೂಗನ್ನು ನಾನು ಕೇಳಿಲ್ಲ. ಅದನ್ನು ಕೇಳಿದವರು ಯಾರೂ ನನಗೆ ಸಿಕ್ಕಿಲ್ಲ. ಆದರೆ ಅದು ಇನ್ನೂ ಕೇಳಿಸುತ್ತದೆಂದು ಜನ ಹೇಳುತ್ತಿರುವುದರಲ್ಲಿ ಒಂದು ನ್ಯಾಯವಿದೆ. ಒಬ್ಬ ಹುಡುಗ ಕೂಗಿದಾಗ ಕಿವಿಗೊಡದೆ ಹೋದವನ ಬದಲಿಗೆ, ಇನ್ನೂರೈವತ್ತು ವರ್ಷಗಳಿಂದ ಊರಿಗೆ ಊರೇ ಕಿವಿಗೊಟ್ಟು ನಿಂತಿದೆ.