ಗಾಳಿಗೆ ಎರಡು ದಾರಿ ಬೇಕು

ಹಳೆಯ ಕಾಲದ ಮಣ್ಣಿನ ಮಾಳಿಗೆಯ ಮನೆಗಳನ್ನು ನೀವು ನೋಡಿರಬಹುದು. ಗೋಡೆಗಳಲ್ಲಿ ಕಿಟಕಿಗಳು ಕಡಿಮೆ. ಆದರೆ ಅಡಿಗೆಮನೆಯ ನೆತ್ತಿಯ ಮೇಲೆ ಒಂದು ಗವಾಕ್ಷಿ ಇರುತ್ತಿತ್ತು. ಅದನ್ನು ಬೆಳಕಿಂಡಿ ಎಂದೂ ಕರೆಯುವುದುಂಟು. ಒಲೆಯ ಹೊಗೆ ಅದರ ಮೂಲಕ ಮೇಲಕ್ಕೆ ಹೋಗುತ್ತಿತ್ತು. ಬಾಗಿಲಿನಿಂದ ಹೊಸ ಗಾಳಿ ಒಳಗೆ ಬರುತ್ತಿತ್ತು. ಮನೆ ಕಟ್ಟಿದವರಿಗೆ ಓದು ಬರಹ ತಿಳಿಯದೇ ಇದ್ದಿರಬಹುದು, ಗಾಳಿಯ ಗುಣ ಚೆನ್ನಾಗಿ ತಿಳಿದಿತ್ತು.

ಇಂದಿನ ಮನೆಗಳಲ್ಲಿ ಗವಾಕ್ಷಿ ಇಲ್ಲ. ಮೇಲೆ ಕಾಂಕ್ರೀಟಿನ ತಾರಸಿ, ಎಷ್ಟೋ ಕಡೆ ಅದರ ಮೇಲೆ ಇನ್ನೊಬ್ಬರ ಮನೆ. ಕಿಟಕಿಗೆ ಗಾಜು, ಗಾಜಿನ ಜೊತೆಗೆ ಸೊಳ್ಳೆ ಪರದೆ. ಇಂತಹ ಬಿಗಿಯಾದ ಮನೆಯ ಪುಟ್ಟ ಬಚ್ಚಲಿನಲ್ಲಿ ಗ್ಯಾಸ್ ಗೀಸರ್ ಉರಿಯುತ್ತದೆ. ಸ್ನಾನಕ್ಕೆ ಹೋದವರು ಎಷ್ಟು ಹೊತ್ತಾದರೂ ಹೊರಗೆ ಬರಲಿಲ್ಲ, ಬಾಗಿಲು ಒಡೆದು ನೋಡಿದಾಗ ಕೆಳಗೆ ಬಿದ್ದಿದ್ದರು ಎಂಬ ಸುದ್ದಿಯನ್ನು ಪತ್ರಿಕೆಗಳಲ್ಲಿ ನೀವು ಹಲವು ಸಲ ಓದಿದ್ದೀರಿ. ಈ ಸಾವುಗಳನ್ನು ತಪ್ಪಿಸಲು ದುಬಾರಿ ಔಷಧ ಬೇಕಿಲ್ಲ. ಗೀಸರನ್ನು ಬಚ್ಚಲಿನಿಂದ ಹೊರಗಿಡುವುದು, ಗೋಡೆಯಲ್ಲಿ ಸರಿಯಾದ ಎತ್ತರದಲ್ಲಿ ಎರಡು ಕಿಂಡಿ ಬಿಡುವುದು, ಜೊತೆಗೆ ತಿಳಿದು ಆರಿಸಿದ ಒಂದು ಫ್ಯಾನು ಹಾಕುವುದು - ಇಷ್ಟೇ ಸಾಕು.

ಕಣ್ಣಿಗೆ ಕಾಣದ ವಿಷ

ಅಡಿಗೆ ಅನಿಲ ಚೆನ್ನಾಗಿ ಉರಿದಾಗ ಇಂಗಾಲದ ಡೈ ಆಕ್ಸೈಡ್ ಮತ್ತು ನೀರಿನ ಆವಿ ಉಂಟಾಗುತ್ತವೆ. ಉರಿಗೆ ಬೇಕಾದಷ್ಟು ಆಮ್ಲಜನಕ ಸಿಗದಿದ್ದರೆ ಉರಿ ಅರೆಬರೆಯಾಗಿ ಇಂಗಾಲದ ಮಾನಾಕ್ಸೈಡ್ ಹುಟ್ಟುತ್ತದೆ. ಇದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಕಣ್ಣು ಮೂಗು ಉರಿಯುವುದೂ ಇಲ್ಲ. ಅಡಿಗೆ ಅನಿಲ ಸೋರಿದರೆ ವಾಸನೆಯಿಂದ ತಿಳಿಯುತ್ತದೆ. ಈ ವಿಷಾನಿಲ ಬಂದದ್ದೇ ತಿಳಿಯುವುದಿಲ್ಲ.

ನಮ್ಮ ರಕ್ತದಲ್ಲಿರುವ ಹಿಮೋಗ್ಲೋಬಿನ್ ಆಮ್ಲಜನಕವನ್ನು ಹೊತ್ತು ಅಂಗಾಂಗಗಳಿಗೆ ತಲುಪಿಸುತ್ತದೆ. ಮಾನಾಕ್ಸೈಡ್ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಅದಕ್ಕೆ ಅಂಟಿಕೊಳ್ಳುತ್ತದೆ. ಗಾಳಿಯಲ್ಲಿ ಸ್ವಲ್ಪವೇ ಇದ್ದರೂ ರಕ್ತದಲ್ಲಿ ಆಮ್ಲಜನಕದ ಜಾಗವನ್ನು ಅದು ಹಿಡಿದುಕೊಳ್ಳುತ್ತದೆ. ಮೊದಲು ಪೆಟ್ಟು ಬೀಳುವುದು ಮೆದುಳು ಮತ್ತು ಹೃದಯಕ್ಕೆ.

ತಲೆನೋವು, ತಲೆಸುತ್ತು, ಓಕರಿಕೆ, ಕೈಕಾಲು ಸೋಲುವುದು, ಮಂಕು ಕವಿಯುವುದು ಇದರ ಲಕ್ಷಣಗಳು. ಪಿತ್ತ ಹೆಚ್ಚಾಗಿದೆ, ಊಟ ಒಗ್ಗಿಲ್ಲ ಎಂದು ಸುಮ್ಮನಾಗುವವರೇ ಹೆಚ್ಚು. ಬಚ್ಚಲಿನಲ್ಲಿ ಬಿದ್ದು ಕೈಕಾಲು ಸೆಟೆದುಕೊಂಡವರನ್ನು ಮೂರ್ಛೆರೋಗದವರೆಂದು ತಪ್ಪಾಗಿ ಭಾವಿಸಿದ ಪ್ರಸಂಗಗಳನ್ನೂ ನರರೋಗ ತಜ್ಞರು ವರದಿ ಮಾಡಿದ್ದಾರೆ. ಮನೆಯಲ್ಲಿ ಇಬ್ಬರು ಮೂವರಿಗೆ ಒಟ್ಟಿಗೆ ತಲೆನೋವು ಬಂದು, ಹೊರಗೆ ಹೋದೊಡನೆ ಕಡಿಮೆಯಾದರೆ ಮನೆಯ ಗಾಳಿಯ ಮೇಲೆ ಸಂಶಯಪಡಬೇಕು.

ಒಂದು ಸ್ನಾನದ ಲೆಕ್ಕ

5 ಅಡಿ ಅಗಲ, 7 ಅಡಿ ಉದ್ದ, 9 ಅಡಿ ಎತ್ತರದ ಬಚ್ಚಲಿನಲ್ಲಿ ಇರುವ ಗಾಳಿ 315 ಘನ ಅಡಿ, ಅಂದರೆ ಸುಮಾರು 9 ಘನ ಮೀಟರ್. ನಿಮಿಷಕ್ಕೆ 6 ಲೀಟರ್ ನೀರು ಕಾಯಿಸುವ ಗೀಸರಿನ ಶಕ್ತಿ ಸುಮಾರು 12 ಕಿಲೋವ್ಯಾಟ್. ಕಾಲು ಗಂಟೆಯಲ್ಲಿ ಅದು 230 ಗ್ರಾಂನಷ್ಟು ಅನಿಲವನ್ನು ಉರಿಸುತ್ತದೆ. ಅಷ್ಟು ಅನಿಲ ಪೂರ್ತಿ ಉರಿಯಲು 3 ಘನ ಮೀಟರ್ ಗಾಳಿ ಬೇಕು. ಎಂದರೆ ಒಬ್ಬರ ಸ್ನಾನಕ್ಕೆ ಬಚ್ಚಲಿನ ಗಾಳಿಯಲ್ಲಿ ಮೂರರಲ್ಲಿ ಒಂದು ಪಾಲಿನ ಆಮ್ಲಜನಕ ಮುಗಿದಂತಾಯಿತು!

ಬಾಗಿಲು, ಕಿಟಕಿ ಮುಚ್ಚಿದ್ದರೆ ಉರಿ ಕೆಡುವುದು ಅದಕ್ಕೂ ಮುಂಚೆಯೇ. ಮನೆಯವರೆಲ್ಲ ಒಬ್ಬರಾದ ಮೇಲೊಬ್ಬರು ಸ್ನಾನ ಮಾಡುವಾಗ ಮೊದಲನೆಯವರು ಪಾರಾಗಿ ಎರಡನೆಯವರೋ ಮೂರನೆಯವರೋ ಬೀಳುವುದು ಇದೇ ಕಾರಣಕ್ಕೆ. "ಇಷ್ಟು ವರ್ಷ ಏನೂ ಆಗಲಿಲ್ಲವಲ್ಲ" ಎಂಬ ಮಾತು ಇಲ್ಲಿ ಸಲ್ಲದು. ಚಳಿಗೆಂದು ಕಿಟಕಿ ಮುಚ್ಚಿದ ಒಂದೇ ದಿನ ಸಾಕು.

ಆದ್ದರಿಂದ ಮೊದಲ ಮಾತು ಇದು: ಗ್ಯಾಸ್ ಗೀಸರ್ ಬಚ್ಚಲಿನ ಒಳಗೆ ಬೇಡ. ತೆರೆದ ಜಾಗದಲ್ಲಿಟ್ಟು ಬಿಸಿನೀರನ್ನು ಕೊಳವೆಯಲ್ಲಿ ಒಳಗೆ ತನ್ನಿ. ಬಚ್ಚಲಿನ ಕಿಟಕಿಯ ಕೆಳಗೇ ಇಟ್ಟರೆ ವಿಷಾನಿಲ ತಿರುಗಿ ಒಳಗೆ ಬರಬಹುದು. ಗಾಜು ಹಾಕಿ ಮುಚ್ಚಿದ ಬಾಲ್ಕನಿಯೂ ಕೋಣೆಯೇ, ಹೊರಗಿನ ಜಾಗವಲ್ಲ. ವಿದ್ಯುತ್ ಗೀಸರಿನಲ್ಲಿ ಮತ್ತು ಸೌರ ಹೀಟರಿನಲ್ಲಿ ಉರಿ ಇಲ್ಲದ ಕಾರಣ ಈ ವಿಷದ ಭಯವಿಲ್ಲ. ಆದರೆ ಹಬೆಯನ್ನು ಹೊರಗೆ ಕಳಿಸಲು ಅಲ್ಲಿಯೂ ಗಾಳಿ ಬೇಕು. ಇಲ್ಲದಿದ್ದರೆ ಗೋಡೆಗೆ ಬೂಷ್ಟು ಹಿಡಿದು, ಉಬ್ಬಸ ಇರುವವರಿಗೆ ತೊಂದರೆ ಹೆಚ್ಚಾಗುತ್ತದೆ.

ದೋಣಿಮನೆಗಳ ಪಾಠ

ಇಕ್ಕಟ್ಟಾದ ಜಾಗದಲ್ಲಿ ಉರಿಯನ್ನಿಟ್ಟುಕೊಂಡು ಬದುಕುವ ಜನ ಇದನ್ನು ಹೇಗೆ ನಿಭಾಯಿಸುತ್ತಾರೆ? ಇಂಗ್ಲೆಂಡಿನ ಕಾಲುವೆಗಳಲ್ಲಿ ಸುಮಾರು 7 ಅಡಿ ಮಾತ್ರ ಅಗಲವಿರುವ ಉದ್ದನೆಯ ದೋಣಿಗಳಲ್ಲಿ ಎಷ್ಟೋ ಜನ ಸಂಸಾರ ಹೂಡಿದ್ದಾರೆ. ಅಡಿಗೆ, ನಿದ್ದೆ, ಸ್ನಾನ ಎಲ್ಲವೂ ಅಲ್ಲಿಯೇ. ಚಳಿಗೆ ಕಲ್ಲಿದ್ದಲು ಇಲ್ಲವೆ ಸೌದೆಯ ಒಲೆಯೂ ಉಂಟು. ಆ ದೋಣಿಗಳ ಚಾವಣಿಯ ಮೇಲೆ ಅಣಬೆಯ ಆಕಾರದ ಲೋಹದ ಕಿಂಡಿಗಳು ಸಾಲಾಗಿ ಕಾಣುತ್ತವೆ. ಅಣಬೆಯ ಟೋಪಿ ಮಳೆನೀರನ್ನು ತಡೆಯುತ್ತದೆ, ಅದರಡಿಯ ಸಂದಿನಿಂದ ಬಿಸಿಗಾಳಿ ಹೊರಗೆ ಹೋಗುತ್ತದೆ. ಬಾಗಿಲುಗಳ ಕೆಳಭಾಗದಲ್ಲಿಯೂ ಕಿಂಡಿಗಳಿರುತ್ತವೆ.

ಕಿಂಡಿಯ ಅಳತೆಗೂ ಅಲ್ಲಿ ಒಂದು ಸೂತ್ರವಿದೆ. ಹೊಗೆ ಕೊಳವೆ ಇಲ್ಲದ ಒಲೆಯ ಪ್ರತಿ ಕಿಲೋವ್ಯಾಟಿಗೆ 22 ಚದರ ಸೆಂಟಿಮೀಟರ್, ಒಳಗಿರುವ ಪ್ರತಿಯೊಬ್ಬರಿಗೆ 6.5 ಚದರ ಸೆಂಟಿಮೀಟರ್ ತೆರಪು ಬೇಕು. ಅದರಲ್ಲಿ ಅರ್ಧ ಮೇಲೆ, ಅರ್ಧ ಕೆಳಗೆ. ಮುಚ್ಚಲು ಬಾರದಂತಹ ಕಿಂಡಿಗಳನ್ನೇ ಇಡಬೇಕೆಂಬುದು ಸಲಹೆ. ಚಳಿಯಾಯಿತೆಂದು ಬಟ್ಟೆ ತುರುಕುವ ಬುದ್ಧಿ ಎಲ್ಲ ದೇಶದವರಿಗೂ ಇದೆ! ಇಷ್ಟಾದರೂ ಸಾಲದೆಂದು, ವಾಸದ ಜಾಗವಿರುವ ದೋಣಿಗಳಲ್ಲಿ ಮಾನಾಕ್ಸೈಡ್ ಪತ್ತೆಹಚ್ಚಿ ಕೂಗುವ ಅಲಾರಂ ಇರಲೇಬೇಕೆಂದು ಅಲ್ಲಿನ ದೋಣಿ ಸುರಕ್ಷತಾ ಯೋಜನೆ 2019ರ ಏಪ್ರಿಲ್‌ನಿಂದ ಕಡ್ಡಾಯ ಮಾಡಿದೆ.

ಈ ಸೂತ್ರವನ್ನು ನಮ್ಮ ಅಡಿಗೆಮನೆಗೆ ಹಾಕಿ ನೋಡೋಣ. ಎರಡು ಬರ್ನರಿನ ಒಲೆಗೆ 4 ಕಿಲೋವ್ಯಾಟ್, ಮನೆಯಲ್ಲಿ 4 ಜನ ಎಂದರೆ ಸುಮಾರು 115 ಚದರ ಸೆಂಟಿಮೀಟರ್ ತೆರಪು ಬೇಕಾಗುತ್ತದೆ. ಸೊಳ್ಳೆ ಪರದೆ ಹಾಕಿದರೆ ತೆರಪಿನ ಅರ್ಧದಷ್ಟನ್ನು ಅದೇ ತಿನ್ನಬಹುದೆಂದು ಎರಡರಷ್ಟು ಮಾಡಿ. ಮೇಲೊಂದು, ಕೆಳಗೊಂದು ಸುಮಾರು ನಾಲ್ಕೂಕಾಲು ಅಂಗುಲದ ಚೌಕ ಕಿಂಡಿ ಎಂದಾಯಿತು. ಇದು ಕನಿಷ್ಠ ಅಳತೆ. ದೊಡ್ಡದಿದ್ದಷ್ಟೂ ಒಳ್ಳೆಯದು.

ಮೇಲೊಂದು, ಕೆಳಗೊಂದು ಏಕೆ?

ಬಿಸಿಗಾಳಿ ಹಗುರ, ಆದ್ದರಿಂದ ಮೇಲೇರುತ್ತದೆ. ಅದು ಮೇಲಿನ ಕಿಂಡಿಯಿಂದ ಹೊರಹೋದಂತೆ ಕೆಳಗಿನ ಕಿಂಡಿಯಿಂದ ತಂಪು ಗಾಳಿ ಒಳಬರುತ್ತದೆ. ಎರಡರ ನಡುವಿನ ಎತ್ತರ ಹೆಚ್ಚಾದಷ್ಟೂ ಸೆಳೆತ ಹೆಚ್ಚು. ಇದಕ್ಕೆ ಕರೆಂಟು ಬೇಡ, ಸ್ವಿಚ್ಚು ಬೇಡ. ಇನ್ನೊಂದು ಕಾರಣವೂ ಇದೆ. ಉರಿಯದೆ ಸೋರಿದ ಅಡಿಗೆ ಅನಿಲ ಗಾಳಿಗಿಂತ ಭಾರ. ಅದು ನೆಲದ ಮೇಲೆ ಹರಡಿಕೊಳ್ಳುತ್ತದೆ. ನೆಲಮಟ್ಟದ ಕಿಂಡಿ ಅದಕ್ಕೂ ಹೊರದಾರಿಯಾಗುತ್ತದೆ.

ಫ್ಯಾನು ಈ ಕಿಂಡಿಗಳಿಗೆ ಸಹಾಯಕ, ಬದಲಿ ಅಲ್ಲ. ಕರೆಂಟು ಹೋದರೆ ಫ್ಯಾನು ನಿಲ್ಲುತ್ತದೆ, ಗ್ಯಾಸಿನ ಉರಿ ನಿಲ್ಲುವುದಿಲ್ಲ. ಇದಕ್ಕಿಂತ ಮುಖ್ಯವಾದ ಮಾತೊಂದಿದೆ. ಗಾಳಿ ಒಳಬರಲು ದಾರಿ ಇಲ್ಲದ ಕೋಣೆಯಲ್ಲಿ ಎಕ್ಸಾಸ್ಟ್ ಫ್ಯಾನ್ ತಿರುಗಿದರೆ ಅದು ಬರಿದೆ ಸದ್ದು ಮಾಡುತ್ತದೆಯೇ ಹೊರತು ಗಾಳಿಯನ್ನು ಸಾಗಿಸುವುದಿಲ್ಲ. ಕೋಣೆಯಲ್ಲಿ ಹೊಗೆ ಕೊಳವೆಯಿರುವ ಒಲೆಯೋ ಹಂಡೆಯೋ ಇದ್ದರೆ, ಮೇಲೆ ಹೋಗುತ್ತಿದ್ದ ಹೊಗೆಯನ್ನು ಆ ಫ್ಯಾನು ಕೊಳವೆಯಿಂದ ಹಿಂದಕ್ಕೆ ಎಳೆದುಕೊಳ್ಳಲೂಬಹುದು!

ಫ್ಯಾನು ಆರಿಸುವ ಬಗೆ

ಅಂಗಡಿಗೆ ಹೋಗುವ ಮುಂಚೆ ಕೋಣೆಯ ಉದ್ದ, ಅಗಲ, ಎತ್ತರವನ್ನು ಮೀಟರಿನಲ್ಲಿ ಅಳೆದು ಗುಣಿಸಿ. ಬಚ್ಚಲಿನ ಗಾಳಿ ಗಂಟೆಗೆ 8ರಿಂದ 10 ಸಲ, ಅಡಿಗೆಮನೆಯ ಗಾಳಿ 15ರಿಂದ 20 ಸಲ ಬದಲಾಗಬೇಕು. 9 ಘನ ಮೀಟರಿನ ಬಚ್ಚಲಿಗೆ ಗಂಟೆಗೆ 90 ಘನ ಮೀಟರ್ ಸಾಗಿಸುವ ಫ್ಯಾನು ಬೇಕು. 6 ಅಂಗುಲದ್ದು ಸಾಮಾನ್ಯವಾಗಿ ಸಾಕು. 8 ಅಡಿಗೆ 10 ಅಡಿಯ, 10 ಅಡಿ ಎತ್ತರದ ಅಡಿಗೆಮನೆಗೆ 340ರಿಂದ 450 ಘನ ಮೀಟರ್ ಬೇಕಾಗುವುದರಿಂದ 9 ಅಂಗುಲದ್ದನ್ನು ನೋಡಿ. ಪೆಟ್ಟಿಗೆಯ ಮೇಲೆ ಬರೆದಿರುವ ಅಂಕಿ ಎದುರಿಗೆ ಯಾವ ತಡೆಯೂ ಇಲ್ಲದಾಗಿನದು. ಜಾಲರಿ, ಮುಚ್ಚಳ, ಜಿಡ್ಡು ಸೇರಿದಾಗ ಅದು ಇಳಿಯುತ್ತದೆ. ಲೆಕ್ಕಕ್ಕಿಂತ ಒಂದಷ್ಟು ಹೆಚ್ಚಿನದನ್ನೇ ತನ್ನಿ.

ಗೋಡೆಗೆ ನೇರವಾಗಿ ಕೂರಿಸುವ ರೆಕ್ಕೆಯ ಫ್ಯಾನಿಗೆ ಉದ್ದದ ಕೊಳವೆಯಲ್ಲಿ ಗಾಳಿ ತಳ್ಳುವ ಕಸುವಿಲ್ಲ. ಹೊರಗೋಡೆಯೇ ಇಲ್ಲದ ಬಚ್ಚಲಿಗೆ ಕೊಳವೆಗೆಂದೇ ಮಾಡಿದ ಬ್ಲೋವರ್ ಬಗೆಯ ಫ್ಯಾನು ಬೇಕು. ಕೊಳವೆ ಗಿಡ್ಡವಾಗಿ, ಬಾಗುಗಳು ಕಡಿಮೆಯಾಗಿ ಇರಲಿ. ಅದು ಕೊನೆಯಾಗುವುದು ಬಯಲಿನಲ್ಲಿ ಇರಬೇಕು, ಸುಳ್ಳು ಚಾವಣಿಯ ಮೇಲಲ್ಲ.

ಕೂರಿಸುವ ಜಾಗವೂ ಮುಖ್ಯ. ಫ್ಯಾನು ಎತ್ತರದಲ್ಲಿ, ಗಾಳಿ ಒಳಬರುವ ಕಿಂಡಿಗೆ ಎದುರಾಗಿ ಇರಲಿ. ಪಕ್ಕದಲ್ಲೇ ಕಿಟಕಿ ತೆರೆದಿದ್ದರೆ ಅಲ್ಲಿಂದ ಬಂದ ಗಾಳಿಯನ್ನೇ ಫ್ಯಾನು ಹೊರಗೆ ಹಾಕುತ್ತಿರುತ್ತದೆ. ಒಲೆಯ ಹೊಗೆ ಇದ್ದಲ್ಲೇ ಇರುತ್ತದೆ. ನಿಮ್ಮದು ಮೇಲಿನ ಅಂತಸ್ತಾದರೆ ತಾರಸಿಯಲ್ಲಿ ಟೋಪಿಯುಳ್ಳ ಕೊಳವೆ ಇಡಿಸಬಹುದು. ಶೀಟಿನ ಮನೆಯಾದರೆ, ಕಾರ್ಖಾನೆಗಳ ಮೇಲೆ ಕಾಣುವ, ಗಾಳಿಗೆ ತಾನೇ ತಿರುಗುವ ಗುಂಡನೆಯ ಫ್ಯಾನು ಒಳ್ಳೆಯದು. ಗಾಳಿ ನಿಂತಾಗಲೂ ಬಿಸಿಗಾಳಿಗೆ ಅದು ಕಿಂಡಿಯಾಗಿ ಒದಗುತ್ತದೆ.

ಬಾಣಂತಿ ಕೋಣೆಯ ಕೆಂಡ

ಬಾಣಂತಿಗೆ ಗಾಳಿ ಸೋಕಬಾರದೆಂದು ಕಿಟಕಿ ಮುಚ್ಚಿ, ಮಂಚದ ಕೆಳಗೆ ಅಗ್ಗಿಷ್ಟಿಕೆಯಲ್ಲಿ ಕೆಂಡ ಇಡುವ ರೂಢಿ ನಮ್ಮಲ್ಲಿದೆ. ಹಿರಿಯರ ಕಾಳಜಿ ಸರಿಯಾದದ್ದೇ. ಆದರೆ ಹೊಗೆಯಾಡದ ಕೆಂಡದಿಂದಲೂ ಮಾನಾಕ್ಸೈಡ್ ಧಾರಾಳವಾಗಿ ಬರುತ್ತದೆ. ಹಸುಗೂಸು ದೊಡ್ಡವರಿಗಿಂತ ವೇಗವಾಗಿ ಉಸಿರಾಡುವುದರಿಂದ ವಿಷವೂ ಅದಕ್ಕೆ ಬೇಗ ಏರುತ್ತದೆ. ತಾಯಿ ಮಗುವಿಗೆ ಬೆಚ್ಚನೆಯ ಬಟ್ಟೆ, ಟೋಪಿ, ಕಂಬಳಿ ಸಾಕು. ಕೆಂಡವಿಟ್ಟು ಮುಚ್ಚಿದ ಕೋಣೆಯಲ್ಲಿ ಯಾರೂ ಮಲಗಬಾರದು.

ಅಪಾಯ ಎದುರಾದಾಗ

ಸ್ನಾನಕ್ಕೆ ಹೋದವರು ಕರೆದರೂ ಓಗೊಡದಿದ್ದರೆ ಕಾಯಬೇಡಿ. ಬಾಗಿಲು ತೆಗೆಸಿ, ಅನಿಲ ಆರಿಸಿ, ಬಿದ್ದವರನ್ನು ಬಯಲಿಗೆ ತನ್ನಿ. 108ಕ್ಕೆ ಕರೆ ಮಾಡಿ. ಉಸಿರಿದ್ದರೆ ಒಂದು ಮಗ್ಗುಲಿಗೆ ಮಲಗಿಸಿ. ಎಚ್ಚರವಿಲ್ಲದವರ ಬಾಯಿಗೆ ನೀರು ಹಾಕಬೇಡಿ. ಕೈಗೆ ಬೀಗದ ಕೈ ಕೊಟ್ಟು ಹೊತ್ತು ಕಳೆಯಬೇಡಿ. ಉಸಿರು ನಿಂತಿದ್ದರೆ, ತಿಳಿದವರು ಎದೆ ಒತ್ತುವ ಪ್ರಥಮ ಚಿಕಿತ್ಸೆಯನ್ನು ಕೂಡಲೇ ಆರಂಭಿಸಬೇಕು.

"ಗ್ಯಾಸ್ ಗೀಸರ್ ಉರಿಯುತ್ತಿತ್ತು" ಎಂಬ ಒಂದು ಮಾತನ್ನು ವೈದ್ಯರಿಗೆ ಹೇಳಲು ಮರೆಯಬೇಡಿ. ಕೊರೋನಾ ಕಾಲದಲ್ಲಿ ಕೊಂಡ, ಬೆರಳಿಗೆ ಹಾಕುವ ಆಕ್ಸಿಮೀಟರ್ ಇಲ್ಲಿ ಮೋಸ ಮಾಡುತ್ತದೆ. ಮಾನಾಕ್ಸೈಡ್ ಅಂಟಿದ ರಕ್ತವನ್ನೂ ಅದು ಆಮ್ಲಜನಕವಿರುವ ರಕ್ತವೆಂದೇ ಎಣಿಸಿ 98 ಎಂದು ತೋರಿಸಬಹುದು. ನಿಜ ತಿಳಿಯಲು ಬೇರೆಯದೇ ರಕ್ತಪರೀಕ್ಷೆ ಬೇಕು. ಬರೀ ಗಾಳಿಯಲ್ಲಿ ಈ ವಿಷ ಅರ್ಧದಷ್ಟು ಇಳಿಯಲು 4ರಿಂದ 5 ಗಂಟೆ ಹಿಡಿದರೆ, ಮುಖವಾಡದ ಮೂಲಕ ಶುದ್ಧ ಆಮ್ಲಜನಕ ಕೊಟ್ಟಾಗ ಸುಮಾರು ಒಂದೂವರೆ ಗಂಟೆ ಸಾಕು. ಚೇತರಿಸಿಕೊಂಡವರಲ್ಲಿಯೂ ಕೆಲವು ದಿನ ಅಥವಾ ವಾರಗಳ ನಂತರ ಮರೆವು, ನಡಿಗೆಯಲ್ಲಿ ತೊಡಕು, ಸ್ವಭಾವದಲ್ಲಿ ಬದಲಾವಣೆ ಕಾಣಿಸಿಕೊಳ್ಳಬಹುದು. ಆಗ ಮತ್ತೆ ವೈದ್ಯರಿಗೆ ತೋರಿಸಿ.

ಊದಿನಕಡ್ಡಿಯ ಪರೀಕ್ಷೆ

ನಿಮ್ಮ ಮನೆಯ ಗಾಳಿಯ ದಾರಿಯನ್ನು ನೀವೇ ಪರೀಕ್ಷಿಸಬಹುದು. ಗ್ಯಾಸು, ಗೀಸರ್ ಆರಿಸಿ, ಅನಿಲದ ವಾಸನೆ ಇಲ್ಲವೆಂದು ಖಚಿತಪಡಿಸಿಕೊಳ್ಳಿ. ಎಂದಿನಂತೆ ಬಾಗಿಲು ಮುಚ್ಚಿ ಫ್ಯಾನು ಹಾಕಿ. ಹಚ್ಚಿದ ಊದಿನಕಡ್ಡಿಯನ್ನು ಕೆಳಗಿನ ಕಿಂಡಿಯ ಬಳಿ ಹಿಡಿಯಿರಿ. ಹೊಗೆ ಕೋಣೆಯೊಳಗೆ ಬಾಗಬೇಕು. ಫ್ಯಾನಿನ ಬಳಿ ಹಿಡಿದರೆ ಹೊರಕ್ಕೆ ಓಡಬೇಕು. ಎರಡರಲ್ಲಿ ಒಂದು ಕಡೆ ಹೊಗೆ ಸುಮ್ಮನೆ ನೆಟ್ಟಗೆ ನಿಂತರೂ ನಿಮ್ಮ ಮನೆಯಲ್ಲಿ ಗಾಳಿಗೆ ಒಂದೇ ದಾರಿ ಇದೆ ಎಂದು ತಿಳಿಯಿರಿ.

ಅಂತಹ ಕಡೆ ಬಾಗಿಲಿನ ಕೆಳಗೆ ಒಂದು ಅಂಗುಲ ಸಂದು ಬಿಡಿಸುವುದು ಬಡಗಿಗೆ ಅರ್ಧ ಗಂಟೆಯ ಕೆಲಸ. ಪರದೆ, ಜಾಲರಿಗಳ ಜಿಡ್ಡನ್ನು ತಿಂಗಳಿಗೊಮ್ಮೆ ತೊಳೆಯಿರಿ. ಸಾಧ್ಯವಿದ್ದರೆ ಬ್ಯಾಟರಿಯ ಮಾನಾಕ್ಸೈಡ್ ಅಲಾರಂ ಒಂದನ್ನು ತನ್ನಿ, ಅದರ ಮೇಲಿರುವ ಅವಧಿ ಮುಗಿದಾಗ ಬದಲಾಯಿಸಿ. ಚಳಿಗಾಲ ಬಂದಾಗ ಕಿಂಡಿಗೆ ಹಳೆಯ ಪತ್ರಿಕೆ ತುರುಕುವ ಮನಸ್ಸಾದರೆ, ಆ ಪತ್ರಿಕೆಯಲ್ಲಿ ಇದೇ ಪುಟ ಇದೆಯೇ ಎಂದು ಒಮ್ಮೆ ನೋಡಿಬಿಡಿ.