ಲಾರಿ ಬದಲಾದರೂ ಚೀಟಿಯ ನಮೂನೆ ಒಂದೇ

ವಾಡಿ, ಶಹಾಬಾದ್, ಸೇಡಂ, ಚಿತ್ತಾಪುರ, ಚಿಂಚೋಳಿ. ಕಲಬುರಗಿ ಜಿಲ್ಲೆಯ ಈ ಐದೂ ಕಡೆ ನೆಲದಡಿ ಸುಣ್ಣದ ಕಲ್ಲಿದೆ. ಫರ್ಶಿ, ಸಿಮೆಂಟ್ ತುಂಬಿದ ಲಾರಿಗಳು ವೇಬ್ರಿಜ್ ಮೇಲೆ ತೂಕಕ್ಕೆ ನಿಲ್ಲುತ್ತವೆ. ಲಾರಿಗೊಂದು ಚೀಟಿ: ಗಾಡಿ ನಂಬರ್, ಖಾಲಿ ತೂಕ, ಭರ್ತಿ ತೂಕ, ನಿವ್ವಳ ತೂಕ, ವೇಳೆ. ಇಂಥ ಚೀಟಿ ಮುದ್ರಿಸುವ ತಂತ್ರಾಂಶವನ್ನು ಜಾವಾದಲ್ಲಿ ಬರೆಯಲು ಕೂತರೆ ಬೇಗನೆ ಎದುರಾಗುವುದು ರಿಫ್ಲೆಕ್ಷನ್.

ಓಡುತ್ತಿರುವ ಪ್ರೋಗ್ರಾಂ ತನ್ನ ರಚನೆಯನ್ನು ತಾನೇ ವಿಚಾರಿಸಿಕೊಳ್ಳುವ ವಿದ್ಯೆ ಇದು. ಈ ಕ್ಲಾಸಿನಲ್ಲಿ ಯಾವ ಫೀಲ್ಡ್‌ಗಳಿವೆ, ಯಾವುದು ಸಂಖ್ಯೆ, ಯಾವುದು ಅಕ್ಷರ? 1982ರಲ್ಲಿ ಬ್ರಯಾನ್ ಕ್ಯಾಂಟ್‌ವೆಲ್ ಸ್ಮಿತ್ ಎಂಐಟಿಗೆ ಸಲ್ಲಿಸಿದ ಪಿಎಚ್.ಡಿ. ಪ್ರಬಂಧ ಲಿಸ್ಪ್ ಭಾಷೆಯನ್ನು ಹಿಡಿದು ಇದಕ್ಕೆ ಗಟ್ಟಿ ಬುನಾದಿ ಹಾಕಿತು. ಜಾವಾಕ್ಕೆ ಇದು ಬಂದದ್ದು 1997ರಲ್ಲಿ, 1.1ನೇ ಆವೃತ್ತಿಯೊಡನೆ. ಡೇಟಾಬೇಸಿನ ಸಾಲನ್ನು ಆಬ್ಜೆಕ್ಟ್ ಮಾಡುವ ಎಷ್ಟೋ ಲೈಬ್ರರಿಗಳು ಇದನ್ನೇ ನೆಚ್ಚಿವೆ.

ಆದರೆ ವಿಚಾರಣೆ ಪುಕ್ಕಟೆಯಲ್ಲ. ಕ್ಲಾಸಿನ ಫೀಲ್ಡ್‌ಗಳನ್ನು ಕೇಳಿದಾಗಲೆಲ್ಲ ಜಾವಾ ಹೊಸ ಪ್ರತಿಗಳನ್ನು ಮಾಡಿ ಕೊಡುತ್ತದೆ. ಒಬ್ಬರ ಕೈಗೆ ಹೋದದ್ದನ್ನು ಅವರು ತಿದ್ದಿದರೂ ಇನ್ನೊಬ್ಬರಿಗೆ ಬಾಧಿಸಬಾರದು ಎಂಬ ಎಚ್ಚರ ಅದಕ್ಕೆ. ಸಾವಿರ ಲಾರಿಗೆ ಸಾವಿರ ಸಲ ಅದೇ ಪ್ರಶ್ನೆ, ಅದೇ ಉತ್ತರ. ತೂಕ ಬದಲಾಗುತ್ತದೆ, ನಮೂನೆ ಬದಲಾಗುವುದಿಲ್ಲ. ಹಾಗಾದರೆ ಒಮ್ಮೆ ಕೇಳಿ, ಉತ್ತರವನ್ನು ಕ್ಯಾಶ್‌ನಲ್ಲಿ ಇಟ್ಟುಕೊಂಡರಾಯಿತು. ಗೋ ಭಾಷೆಯ ಜೇಸನ್ ಲೈಬ್ರರಿ ಮಾಡುವುದು ಇದನ್ನೇ: ಟೈಪಿಗೊಂದು ಫೀಲ್ಡ್ ಪಟ್ಟಿಯನ್ನು ಮೊದಲ ಸಲ ಕಟ್ಟಿ, ಆಮೇಲೆ ಅದನ್ನೇ ಬಳಸುತ್ತದೆ.

ಇಲ್ಲಿಯವರೆಗೆ ಸುಲಭ. ಕಷ್ಟವಿರುವುದು ಎಲ್ಲಿಡಬೇಕು ಎಂಬಲ್ಲಿ, ಕಾಲೇಜಿನ ಪಾಠಗಳು ಹೆಚ್ಚು ಒತ್ತು ಕೊಡಬೇಕಾದದ್ದೂ ಅಲ್ಲೇ. ಹಲವು ಥ್ರೆಡ್‌ಗಳು ಒಟ್ಟಿಗೆ ಬರೆದರೆ ಸಾದಾ ಹ್ಯಾಶ್‌ಮ್ಯಾಪ್ ಕೆಟ್ಟುಹೋಗಬಹುದು; ಅದಕ್ಕೆ ಕಾನ್‌ಕರೆಂಟ್ ಹ್ಯಾಶ್‌ಮ್ಯಾಪ್ ಇದೆ. ಎರಡು ಥ್ರೆಡ್ ಒಂದೇ ಪಟ್ಟಿಯನ್ನು ಎರಡು ಸಲ ಕಟ್ಟಿದರೆ ನಷ್ಟವೇನಿಲ್ಲ. ನಿಜವಾದ ಅಪಾಯ ಮೆಮೊರಿಯದು. ಎಲ್ಲ ಅಪ್ಲಿಕೇಶನ್‌ಗಳೂ ಹಂಚಿಕೊಳ್ಳುವ ಲೈಬ್ರರಿಯೊಳಗಿನ ಸ್ಟ್ಯಾಟಿಕ್ ಮ್ಯಾಪ್‌ಗೆ ಕ್ಲಾಸನ್ನೇ ಕೀಲಿಯಾಗಿಸಿದರೆ ಆ ಕ್ಲಾಸು, ಅದನ್ನು ತಂದ ಕ್ಲಾಸ್ ಲೋಡರ್ ಎರಡೂ ಬಿಡುಗಡೆಯಾಗುವುದಿಲ್ಲ. ಸರ್ವರ್ ನಿಲ್ಲಿಸದೆ ಹೊಸ ಆವೃತ್ತಿ ಏರಿಸುತ್ತ ಹೋದಂತೆ ಹಳೆಯ ಆವೃತ್ತಿಗಳೆಲ್ಲ ಒಳಗೇ ಕೂತು ಮೆಮೊರಿ ತುಂಬಿಸುತ್ತವೆ. ಕೀಲಿಯನ್ನು ಬಿಗಿಯಾಗಿ ಹಿಡಿಯದ ವೀಕ್‌ಹ್ಯಾಶ್‌ಮ್ಯಾಪ್ ಹಾಕಿದರೂ ಸಾಲದು. ಒಳಗಿಟ್ಟ ಫೀಲ್ಡ್ ಆಬ್ಜೆಕ್ಟು ತನ್ನ ಕ್ಲಾಸನ್ನು ಹಿಡಿದುಕೊಂಡೇ ಇರುತ್ತದೆ. 2011ರ ಜಾವಾ 7ರಲ್ಲಿ ಬಂದ ಕ್ಲಾಸ್‌ವ್ಯಾಲ್ಯೂ ಮಾಹಿತಿಯನ್ನು ಆಯಾ ಕ್ಲಾಸಿಗೇ ಅಂಟಿಸಿಡುತ್ತದೆ. ಇಂಥ ಕಡೆ ಮೊದಲು ನೋಡಬೇಕಾದದ್ದು ಅದನ್ನೇ.

2022ರ ಜಾವಾ 18ರಲ್ಲಿ ರಿಫ್ಲೆಕ್ಷನ್ನಿನ ಒಳರಚನೆಯೇ ಬದಲಾಗಿ ಮೆಥಡ್ ಹ್ಯಾಂಡಲ್‌ಗಳ ಮೇಲೆ ನಿಂತಿದೆ. ಹಾಗಾಗಿ ಹಳೆಯ ಪುಸ್ತಕದ ವೇಗದ ಅಂಕಿಗಳನ್ನು ನಂಬಿ ಕೂರಬೇಡಿ. ಸೇಡಂನಿಂದಲೋ ಚಿಂಚೋಳಿಯಿಂದಲೋ ಎಂಜಿನಿಯರಿಂಗ್ ಓದಲು ಹೊರಟವರಲ್ಲಿ ನನ್ನ ವಿನಂತಿ ಇಷ್ಟೇ: ಕ್ಯಾಶ್ ಹಾಕುವ ಮೊದಲು ಒಮ್ಮೆ, ಹಾಕಿದ ಮೇಲೆ ಇನ್ನೊಮ್ಮೆ ಜೆಎಂಎಚ್ ಎಂಬ ಉಪಕರಣದಿಂದ ವೇಗ ಅಳೆಯಿರಿ, ಎರಡೂ ಅಂಕಿಗಳನ್ನು ಪ್ರಾಜೆಕ್ಟ್ ವರದಿಯಲ್ಲಿ ಬರೆಯಿರಿ.